ಕಲ್ಲಿನ ಮೇಲೆ ಕೂರುವವನು

ಮಗ ಡರ್ಬಾನ್‌ನಿಂದ ಕಳಿಸಿದ ಎಕ್ಸೆಲ್ ಶೀಟಿನಲ್ಲಿ ಹದಿನಾಲ್ಕು ಸಾಲುಗಳಿದ್ದವು. ವೀಸಾ, ವಿಮಾನ, ಬಾಡಿಗೆ ಕಾರು, ದೋಣಿ, ಪರ್ಮಿಟ್ಟು, ವೆಟ್‌ಸೂಟು ಅಂತೆಲ್ಲ ಇದ್ದು ಕೊನೆಯ ಸಾಲಿನಲ್ಲಿ ‘ಅಜ್ಜಯ್ಯನಿಗೆ ಮಡಚುವ ಕುರ್ಚಿ’ ಎಂದಿತ್ತು. ಕಳೆದ ಜೂನಿನ ಒಂದು ಭಾನುವಾರ ಅದು. ಭಾಂಡೂಪಿನ ನಮ್ಮ ಮನೆಯ ಕಿಟಕಿಗೆ ಮಳೆ ಬಡಿಯುತ್ತಿತ್ತು, ಲೋಕಲ್ ನಿಂತಿವೆಯೆಂದು ಟಿವಿಯಲ್ಲಿ ಹೇಳುತ್ತಿದ್ದರು. ನನ್ನಾಕೆ ಕುರ್ಚಿಯ ಸಾಲನ್ನು ಓದಿ ನಕ್ಕಳು. ನನಗೆ ನಗು ಬರಲಿಲ್ಲ. ಐದನೆಯ ಸಾಲಿನಲ್ಲಿ ‘ಈಟಿ ಬಂದೂಕು (ನನ್ನದೇ ಇದೆ)’ ಎಂದು ಬರೆದದ್ದನ್ನು ನಾನು ನೋಡಿಯಾಗಿತ್ತು.

ಅವನು ಎರಡು ವರ್ಷದಿಂದ ಅಲ್ಲಿನ ಬಂದರಿನಲ್ಲಿ ಕಂಟೇನರುಗಳ ಲೆಕ್ಕ ನೋಡುವ ಕೆಲಸದಲ್ಲಿದ್ದಾನೆ. ವಾರದ ರಜೆಯಲ್ಲಿ ಉಸಿರು ಕಟ್ಟಿ ಮುಳುಗಿ ಈಟಿಯಲ್ಲಿ ಮೀನು ಹೊಡೆಯುವುದನ್ನು ಕಲಿತಿದ್ದ. ಅಲ್ಲಿ ಇದಕ್ಕೆ ಪೋಸ್ಟ್ ಆಫೀಸಿನಲ್ಲಿ ಪರ್ಮಿಟ್ ಕೊಡುತ್ತಾರಂತೆ. ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಈಟಿ ಹಿಡಿಯುವಂತಿಲ್ಲ. ಎದೆಯಲ್ಲಿ ಎಷ್ಟು ಉಸಿರಿದೆಯೋ ಅಷ್ಟೇ ಬೇಟೆ. “ನ್ಯಾಯದ ಆಟ ಅಪ್ಪ” ಎಂದ. ಮುಂದಿನ ಜೂನ್-ಜುಲೈಗೆ ನಾವು ಮೂವರೂ ಹೋಗಬೇಕು, ಉತ್ತರಕ್ಕೆ ಸೊಡ್ವಾನಾ ಕೊಲ್ಲಿಯವರೆಗೆ ಕಾರಿನಲ್ಲಿ ಹೋಗಿ ದೋಣಿ ಹತ್ತಬೇಕು. ಅಲ್ಲಿ ಜೆಟ್ಟಿ ಇಲ್ಲ, ಮರಳಿನಿಂದಲೇ ದೋಣಿಯನ್ನು ತಳ್ಳಿ ಅಲೆ ಸೀಳಿ ಹೋಗುತ್ತಾರೆ. ಇದಿಷ್ಟು ಅವನ ಯೋಜನೆ.

ನಾವು ಉಪ್ಪುಂದ ಬದಿಯವರು. ಮಡಿಕಲ್ ಕಡಲತೀರದಲ್ಲಿ ನಾಡದೋಣಿಗಳನ್ನು ಇಂದಿಗೂ ಮರಳಿನಿಂದಲೇ ನೀರಿಗಿಳಿಸುತ್ತಾರೆ. ಅದನ್ನು ನೋಡಲು ವಿಮಾನ ಹತ್ತಬೇಕೆ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ.

ಅವನು ಹೊಡೆದ ಮೀನಿನ ಫೋಟೋವನ್ನು ಅಪ್ಪಯ್ಯನಿಗೆ ತೋರಿಸಿದೆ. ಅವರಿಗೆ ಎಂಬತ್ತೊಂದು. ಕನ್ನಡಕ ಏರಿಸಿ, ಫೋನನ್ನು ದೂರ ಹಿಡಿದು, “ಅಂಜಲ್” ಎಂದರು. ಸರಿಯಾಗಿಯೇ ಹೇಳಿದ್ದರು. ಅಲ್ಲಿನವರು ಕೂಟಾ ಎನ್ನುವುದು, ನಮ್ಮ ಭಾಂಡೂಪ್ ಮಾರ್ಕೆಟ್ಟಿನ ಕೋಳಿ ಹೆಂಗಸು ಸುರ್ಮಾಯಿ ಎಂದು ಕೂಗುವುದು, ಊರಲ್ಲಿ ನಾವು ಅಂಜಲ್ ಎನ್ನುವುದು, ಮೂರೂ ಒಂದೇ ಮೀನು. ಹೆಸರು ಬದಲಾದಂತೆ ರೇಟು ಮಾತ್ರ ಬದಲಾಗುತ್ತದೆ.

ಆಮೇಲೆ ಮಗ ಒಂದು ವಿಡಿಯೋ ಕಳಿಸಿದ. ಡರ್ಬಾನ್ ಕರಾವಳಿಗೆ ಅವರ ಚಳಿಗಾಲದಲ್ಲಿ, ಅಂದರೆ ನಮ್ಮ ಮಳೆಗಾಲದಲ್ಲಿ, ಸಾರ್ಡೀನ್ ಮೀನು ದಂಡುಗಟ್ಟಿ ಬರುತ್ತದೆ. ನಮ್ಮ ಬೈಗೆಯ, ಮಂಗಳೂರಿನವರ ಬೂತಾಯಿಯ, ದೂರದ ದಾಯಾದಿ. ದಡದಿಂದ ಬಲೆ ಹಾಕಿ, ಎರಡೂ ತುದಿಯ ಹಗ್ಗ ಹಿಡಿದು ಜನ ಎಳೆಯುತ್ತಿದ್ದರು. ಎಳೆಯುವವರಲ್ಲಿ ಎಷ್ಟೋ ಮುಖಗಳು ನಮ್ಮವೇ. 1860ರ ನವೆಂಬರಿನಲ್ಲಿ ಮದರಾಸಿನಿಂದ ‘ಟ್ರೂರೋ’ ಹಡಗಿನಲ್ಲಿ ಕಬ್ಬಿನ ತೋಟಗಳ ಕರಾರು ಕೂಲಿಗಳಾಗಿ ಜನ ಡರ್ಬಾನಿಗೆ ಹೋದರಲ್ಲ, ಅಂಥವರಲ್ಲಿ ಕೆಲವರು ಕರಾರು ಮುಗಿದ ಮೇಲೆ ಕಡಲಿಗಿಳಿದರು. ಬಲೆ ಎಳೆಯುವುದನ್ನು ಮೊಮ್ಮಕ್ಕಳಿಗೂ ಬಿಟ್ಟುಹೋದರು.

“ಇದ್ ನಮ್ಮ ಕೈರಂಪಣಿಯೇ ಅಲ್ದಾ ಮಾರಾಯಾ!” ಎಂದು ಅಪ್ಪಯ್ಯ ವಿಡಿಯೋವನ್ನು ಮತ್ತೆ ಮತ್ತೆ ಹಾಕಿಸಿದರು. ನಾಲ್ಕನೆಯ ಸಲಕ್ಕೆ ಫೋನು ವಾಪಸು ಕೊಟ್ಟು ಬಾಲ್ಕನಿಗೆ ಹೋಗಿ ಕೂತರು. ಏಕೆಂದು ನನಗೆ ಗೊತ್ತಿತ್ತು.

ಊರಲ್ಲಿ ಅಪ್ಪಯ್ಯ ಮತ್ತು ಚಿಕ್ಕಪ್ಪ ಇಳಿತದ ಹೊತ್ತಿಗೆ ಪಾರೆಗೆ ಹೋಗಿ ಪಚ್ಚಿಲೆ ಕೀಳುತ್ತಿದ್ದರು. ಒಂದು ಉಳಿ, ಸೊಂಟಕ್ಕೆ ಒಂದು ಬಲೆಚೀಲ. ಒಬ್ಬ ಮುಳುಗಿದರೆ ಇನ್ನೊಬ್ಬ ಕಲ್ಲಿನ ಮೇಲೆ ಕೂತು ನೀರನ್ನೇ ನೋಡುತ್ತಿರಬೇಕು. ಅದು ಅವರ ಅಪ್ಪ ಹೇಳಿಕೊಟ್ಟ ಕಟ್ಟುನಿಟ್ಟು. 1973ರ ಒಂದು ಬೆಳಿಗ್ಗೆ ದಡದಲ್ಲಿ ರಂಪಣಿಗೆ ಬೈಗೆ ಬಿದ್ದಿತೆಂದು ಕೂಗು ಕೇಳಿತು. ಪರ್ಸೀನ್ ದೋಣಿಗಳು ಬರುವುದಕ್ಕೆ ಎರಡು ಮೂರು ವರ್ಷ ಮುಂಚಿನ ಮಾತು. ಆಗ ರಂಪಣಿ ಎಳೆಯಲು ಊರಿಗೆ ಊರೇ ಸೇರುತ್ತಿತ್ತು, ಹಗ್ಗಕ್ಕೆ ಕೈ ಹಾಕಿದವನಿಗೆಲ್ಲ ಪಾಲು. ಅಪ್ಪಯ್ಯ ಪಾಲಿಗಾಗಿ ಓಡಿದರು. “ನಾ ಇನ್ನೊಂದ್ ಸಲ ಮುಳ್ಗಿ ಬತ್ತೆ” ಎಂದ ಚಿಕ್ಕಪ್ಪ ಬರಲಿಲ್ಲ. ಕಲ್ಲಿನ ಬುಡದಲ್ಲಿ, ಎದೆಮಟ್ಟದ ನೀರಿನಲ್ಲಿ ಸಿಕ್ಕಿದರಂತೆ. ಅಷ್ಟು ಚೆನ್ನಾಗಿ ಈಜುವವನು ಅಷ್ಟು ಕಡಿಮೆ ನೀರಿನಲ್ಲಿ ಹೇಗೆ ಹೋದ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಉತ್ತರವಿರಲಿಲ್ಲ. ಭೂತದ ಕಾಟ ಎಂದವರೂ ಇದ್ದರು. ಮರುವರ್ಷ ಅಪ್ಪಯ್ಯ ಮುಂಬಯಿಗೆ ಬಂದು ಫೋರ್ಟಿನ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂತರು. ನನ್ನನ್ನು ಜುಹೂ ಬೀಚಿನಲ್ಲಿ ಮೊಣಕಾಲಿಗಿಂತ ಮೇಲೆ ನೀರಿಗೆ ಬಿಡಲಿಲ್ಲ. ಮೊಗವೀರನ ಮಗನಾಗಿ ಐವತ್ತೈದು ವರ್ಷಕ್ಕೂ ನನಗೆ ಈಜು ಬರುತ್ತಿರಲಿಲ್ಲ.

ಇದು ಮಗನಿಗೆ ಗೊತ್ತಿಲ್ಲ. ನಾವು ಯಾರೂ ಹೇಳಿರಲಿಲ್ಲ.

ಆ ವಾರದ ವಿಡಿಯೋ ಕಾಲ್‌ನಲ್ಲಿ ಅವನು ದೋಣಿಯ ಬಾಡಿಗೆ, ಶಾರ್ಕುಗಳು, ಹವಾಮಾನ ಎಲ್ಲ ವಿವರಿಸಿದ. ಅಪ್ಪಯ್ಯ ಪೂರ್ತಿ ಕೇಳಿಸಿಕೊಂಡು, “ಅದೆಲ್ಲಾ ಸಮ ಮಗಾ. ನೀನ್ ಮುಳ್ಗ್ದಾಗ ಕಲ್ಲ್ ಮೇಲೆ ಕೂಕಂಬುದ್ ಯಾರ್?” ಎಂದರು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. “ಗೆಳೆಯರು ಇರ್ತಾರೆ...” ಎಂದ. ಸ್ವಲ್ಪ ಬಿಟ್ಟು, “ಯಾವಾಗಲೂ ಇರಲ್ಲ” ಎಂದ. ಅಪ್ಪಯ್ಯ ಆಗ ಚಿಕ್ಕಪ್ಪನ ಕತೆ ಹೇಳಿದರು. ಐವತ್ತೆರಡು ವರ್ಷದಲ್ಲಿ ನನ್ನೆದುರೇ ಅವರು ಅದನ್ನು ಮೊದಲಿಂದ ಕೊನೆಯತನಕ ಹೇಳಿದ್ದು ಅದೇ ಮೊದಲು. ರಂಪಣಿಯಲ್ಲಿ ಸಿಕ್ಕ ಪಾಲು ಎಷ್ಟು ಬುಟ್ಟಿ ಎಂಬುದನ್ನೂ ಹೇಳಿದರು.

ಆ ರಾತ್ರಿ ನಾನು ಉಸಿರುಕಟ್ಟಿ ಮುಳುಗುವುದರ ಬಗ್ಗೆ ಓದುತ್ತ ಕೂತೆ. ಉಸಿರು ಬೇಕು ಎಂದು ದೇಹಕ್ಕೆ ಗಂಟೆ ಹೊಡೆಯುವುದು ಮುಖ್ಯವಾಗಿ ಒಳಗೆ ತುಂಬುವ ಇಂಗಾಲದ ಡೈಆಕ್ಸೈಡ್, ಆಮ್ಲಜನಕದ ಕೊರತೆ ಅಲ್ಲ. ಮುಳುಗುವ ಮುಂಚೆ ಜೋರುಜೋರಾಗಿ ಉಸಿರಾಡಿದರೆ ಆ ಗಂಟೆ ತಡವಾಗಿ ಬಾರಿಸುತ್ತದೆ. ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನ ಎರಡರಷ್ಟು. ಅಲ್ಲಿ ಸಾಕೆನಿಸಿದ ಆಮ್ಲಜನಕ, ಮೇಲೆ ಬರುತ್ತ ಒತ್ತಡ ಇಳಿದಂತೆ ಸಾಲದಾಗುತ್ತದೆ. ಕೊನೆಯ ಕೆಲವು ಮೀಟರಿನಲ್ಲಿ ಯಾವ ಮುನ್ಸೂಚನೆಯೂ ಇಲ್ಲದೆ ಎಚ್ಚರ ತಪ್ಪುತ್ತದೆ. ಜೋರಾಗಿ ಉಸಿರಾಡಿ ಮುಳುಗಿದವರಿಗೆ ಆಳವಿಲ್ಲದ ಈಜುಕೊಳದಲ್ಲೂ ಹೀಗಾಗುತ್ತದೆ. ನೋಡುತ್ತಿದ್ದವರು ಕೂಡಲೇ ತಲೆ ಎತ್ತಿ ಹಿಡಿದರೆ ಬದುಕುತ್ತಾರೆ. ಅದಕ್ಕೇ ಅಲ್ಲಿನವರ ಮೊದಲ ನಿಯಮ, ಒಬ್ಬ ಕೆಳಗೆ, ಒಬ್ಬ ಮೇಲೆ. ನನ್ನ ಮುತ್ತಜ್ಜನೋ ಅವರಪ್ಪನೋ ಮಾಡಿದ ನಿಯಮ.

ಬೆಳಿಗ್ಗೆ ಚಹಾ ಕುಡಿಯುವಾಗ ಅಪ್ಪಯ್ಯನಿಗೆ ಹೇಳಿದೆ. ಚಿಕ್ಕಪ್ಪನಿಗೆ ಆದದ್ದು ಇದೇ ಎಂದು ಯಾರು ಹೇಳಬಲ್ಲರು? ಆದರೂ ಹೇಳಿದೆ. ಅವರು ಲೋಟ ಕೆಳಗಿಟ್ಟು, “ಹಾಂಗಾರೆ ಅವ್ನಿಗೆ ಗೊತ್ತೇ ಆಯ್ಲಿಲ್ಲೆ” ಎಂದರು. ಬಹಳ ಹೊತ್ತಿನ ಮೇಲೆ, “ಅಷ್ಟ್ ದೂರ ನಂಗೆ ಹೋಪುಕ್ ಆತಿಲ್ಲೆ. ಅವ್ನನ್ನೇ ಊರಿಗ್ ಬಪ್ಪುಕ್ ಹೇಳ್. ಹ್ಯಾಂಗ್ ಮುಳುಗ್ತಾ ಅಂತ ನಾ ಕಾಣ್ಕ್” ಎಂದರು.

ಹೀಗೆ ಹದಿನಾಲ್ಕು ಸಾಲಿನ ಡರ್ಬಾನ್ ಪ್ರವಾಸ ಉಪ್ಪುಂದಕ್ಕೆ ಬಂದು ನಿಂತಿತು. ಮಗನಿಗೆ ಬೇಸರವಾಗಲಿಲ್ಲ ಎಂದರೆ ಸುಳ್ಳು. ಆದರೂ ಅಲ್ಲಿ ಡಿಸೆಂಬರ್ ಮಧ್ಯಕ್ಕೆ ಆಫೀಸುಗಳು ಬಾಗಿಲು ಹಾಕುವುದರಿಂದ ರಜೆಯ ಚಿಂತೆ ಇರಲಿಲ್ಲ. ಹೊಸ ಪಟ್ಟಿಯನ್ನು ಅಪ್ಪಯ್ಯ ಬಾಯಲ್ಲಿ ಹೇಳಿದರು, ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದೆ. ಜೂನ್-ಜುಲೈಯ 61 ದಿನದ ನಿಷೇಧ ಮುಗಿದರೂ ಕಡಲು ಕೂಡಲೇ ತಿಳಿಯಾಗುವುದಿಲ್ಲ, ಹೊಳೆಗಳ ಕೆಸರು ಇಳಿಯಬೇಕು. ಎಳ್ಳಮವಾಸ್ಯೆಯ ಆಸುಪಾಸು ಒಳ್ಳೆಯದು, ಇಳಿತ ದೊಡ್ಡದು, ಪಾರೆ ಚೆನ್ನಾಗಿ ಮೇಲೆ ಬರುತ್ತದೆ. ಬೆಳಿಗ್ಗೆ ಮೂಡುಗಾಳಿ ಇರುವಾಗಲೇ ದೋಣಿ ಹೋಗಬೇಕು, ಪಡುಗಾಳಿ ಎದ್ದ ಮೇಲೆ ದಡದಲ್ಲಿರಬೇಕು. ದೋಣಿ ನಮ್ಮ ದಾಯಾದಿಯೊಬ್ಬನದು, ಅವನೇ ತಾಂಡೇಲ. ಬಾಡಿಗೆ ಕೇಳಿದ್ದಕ್ಕೆ ಬೈದ. ಡೀಸೆಲ್ ಹಾಕಿಸಿದರೆ ಸಾಕಂತೆ.

ಈಟಿಯ ಮಾತು ಬಂತು. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಗೆ ಹೋಗೋಣ, ಅಲ್ಲಿ ಮುರುಮೀನು ಇದೆ ಎಂದು ಮಗ ಆಸೆಪಟ್ಟ. ನೇತ್ರಾಣಿಯ ಹವಳ, ದೈತ್ಯ ಮುರುಮೀನು ಎರಡಕ್ಕೂ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ನೀರಿನೊಳಗೆ ಮರಿ ಯಾವುದು, ಜಾತಿ ಯಾವುದು ಎಂದು ನೋಡುತ್ತ ಕೂರುವುದಕ್ಕಿಂತ ಈಟಿ ಡರ್ಬಾನಿನಲ್ಲೇ ಇರಲಿ ಎಂದೆ. ಇಲ್ಲಿ ಉಳಿ, ಬಲೆಚೀಲ, ಗಾಳ.

ಅಪ್ಪಯ್ಯನಿಗೆ ದೋಣಿ ತಾಳುತ್ತದೆಯೇ ನೋಡಲು ಅಕ್ಟೋಬರಿನಲ್ಲಿ ಭಾವುಚಾ ಧಕ್ಕಾದಿಂದ ರೇವಸ್‌ಗೆ ಲಾಂಚಿನಲ್ಲಿ ಕರೆದೊಯ್ದೆ. 1947ರ ಜುಲೈ 17ರಂದು ‘ರಾಮದಾಸ್’ ಹಡಗು ಇದೇ ದಾರಿಯಲ್ಲಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ಹೋದದ್ದು ನೆನಪಾಗಿ ನನ್ನ ಅಂಗೈ ಬೆವರಿತ್ತು. 2024ರ ಡಿಸೆಂಬರಿನ ಎಲಿಫೆಂಟಾ ದೋಣಿಯ ದುರಂತವಂತೂ ಆಗ ಇನ್ನೂ ಹಸಿಯಾಗಿತ್ತು. ನಾನು ಲೈಫ್ ಜಾಕೆಟ್ ಹಾಕಿ ಎರಡೆರಡು ಸಲ ಬಿಗಿದುಕೊಂಡೆ. ಅಪ್ಪಯ್ಯ ತಮ್ಮದನ್ನು ಮರುಮಾತಿಲ್ಲದೆ ಹಾಕಿಕೊಂಡು, ಕಟಕಟೆ ಹಿಡಿದು ನಿಂತೇ ಬಂದರು. ವಾಂತಿ ಮಾಡಿಕೊಂಡವನು ನಾನು.

ಎರಡು ತಿಂಗಳು ಮುಂಚೆ ಬುಕಿಂಗ್ ತೆರೆದ ದಿನವೇ ಮತ್ಸ್ಯಗಂಧಕ್ಕೆ ನಾಲ್ಕು ಟಿಕೆಟ್ ಮಾಡಿಸಿದೆ, ಎರಡು ಲೋವರ್ ಬರ್ತ್ ಸಿಕ್ಕವು. ಮೀನುಗಾರರ ಮನೆಯವರು ಊರಿಗೆ ಹೋಗುವ ಗಾಡಿಗೆ ಇದಕ್ಕಿಂತ ಒಳ್ಳೆಯ ಹೆಸರು ಯಾರಿಗೆ ಹೊಳೆಯುತ್ತಿತ್ತೋ. ಮಡಚುವ ಕುರ್ಚಿ ಮಾತ್ರ ಬೇಡವೆಂದರು ಅಪ್ಪಯ್ಯ. ಪಾರೆಯ ಮೇಲೆ ಅದು ನಿಲ್ಲುವುದಿಲ್ಲವಂತೆ.

ಎಂಬತ್ತೊಂದರ ಕಣ್ಣು ನೀರಿನೊಳಗೆ ಎಷ್ಟು ಕಂಡೀತು, ಕಂಡರೂ ಮುದುಕರು ಹಾರುತ್ತಾರೆಯೇ? ಹೀಗಾಗಿ ಕಲ್ಲಿನ ಮೇಲೆ ಇನ್ನೊಬ್ಬ ಬೇಕು. ಮುಲುಂಡಿನಲ್ಲಿ ಕಾಳಿದಾಸ ನಾಟ್ಯಗೃಹದ ಪಕ್ಕದ ಈಜುಕೊಳಕ್ಕೆ ಡಾಕ್ಟರ ಸರ್ಟಿಫಿಕೇಟು ಕೊಟ್ಟು ಸೇರಿದ್ದೇನೆ. ಬೆಳಗಿನ ಬ್ಯಾಚಿನಲ್ಲಿ ಏಳೆಂಟು ವರ್ಷದ ಮಕ್ಕಳು, ಅವರ ನಡುವೆ ನಾನು. ಕಂಬಿ ಬಿಟ್ಟು ತೇಲಲು ಒಂಬತ್ತು ದಿನ ಬೇಕಾಯಿತು. ಈಗ ಕೊಳದ ಅಡ್ಡಕ್ಕೆ ಒಂದು ಸಲ ಈಜುತ್ತೇನೆ, ಉಸಿರು ಸಿಕ್ಕಿಬೀಳುತ್ತದೆ. ಮನೆಗೆ ಬಂದರೆ ಅಪ್ಪಯ್ಯ ಬಾಗಿಲಲ್ಲೇ ಕೇಳುತ್ತಾರೆ, “ಇವತ್ತ್ ಎಷ್ಟ್?”

“ಒಂದೂವರೆ.”

“ಸಾಕಾತಿಲ್ಲೆ” ಎನ್ನುತ್ತಾರೆ.