ಆಧಾರ ಬಿದ್ದ ಮೇಲೂ ನಿಂತಿರುವ ನಿಷೇಧ

ಎರಡು ಸಿಮ್ ಹಾಕುವ ಮೊಬೈಲು ಇಂದು ನಮ್ಮ ಗಲಗಲಿಯಲ್ಲಿ ಯಾರಿಗೂ ಅಚ್ಚರಿಯ ವಸ್ತುವಲ್ಲ. ಕಬ್ಬು ಕಡಿಯುವ ಗ್ಯಾಂಗಿನವರಿಂದ ಹಿಡಿದು ಕಾಲೇಜು ಹುಡುಗರವರೆಗೆ ಎಲ್ಲರ ಕಿಸೆಯಲ್ಲೂ ಅದೇ ಇದೆ. ಆದರೆ 2009ರಲ್ಲಿ ಈ ಸಾಮಾನ್ಯ ವಸ್ತುವಿನ ಸುತ್ತ ನಮ್ಮ ದೇಶದಲ್ಲಿ ದೊಡ್ಡ ವ್ಯಾಜ್ಯವೇ ನಡೆದಿತ್ತು ಎಂಬುದು ಈಗಿನ ವಿದ್ಯಾರ್ಥಿಗಳಿಗೆ ತಿಳಿದಿರಲಿಕ್ಕಿಲ್ಲ. ಆಗ ನಮ್ಮಲ್ಲಿ ಹೊಳೆ ದಂಡೆಗೆ ಒಂದು ಕಂಪನಿಯ ಸಿಗ್ನಲ್ ಸಿಕ್ಕರೆ ಊರೊಳಗೆ ಇನ್ನೊಂದರದು ಸಿಗುತ್ತಿತ್ತು. ಗೋವಾಕ್ಕೆ ದುಡಿಯಲು ಹೋದವರಿಗೆ ಊರಿನದೊಂದು ನಂಬರು, ಅಲ್ಲಿನದೊಂದು ನಂಬರು. ಅಂಥವರಿಗೆ ಈ ಹ್ಯಾಂಡ್‌ಸೆಟ್ಟು ನಾಲ್ಕು ಕಾಸು ಉಳಿಸುವ ಉಪಾಯ.

ಜಮಖಂಡಿಯಲ್ಲಿ ಮೊಬೈಲು ಅಂಗಡಿ ಇಟ್ಟಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಆ ವರ್ಷ ಸಿಕ್ಕಾಗ, "ಮಾಲು ಬರವಲ್ದ್ರೀ ಸರ್. ಕಸ್ಟಮ್ಸ್‌ನ್ಯಾಗ ಹಿಡದಾರಂತ. ಯಾರದೋ ಪೇಟೆಂಟ್ ಐತಂತ" ಎಂದ. ಮುಂಗಡ ಕೊಟ್ಟ ಗಿರಾಕಿಗಳಿಗೆ ಏನು ಹೇಳಬೇಕೆಂಬುದು ಅವನ ಚಿಂತೆ. ಒಂದು ಪೇಟೆಂಟು ಪೆಟ್ಟಿಗೆಗಟ್ಟಲೆ ಮಾಲನ್ನು ದೇಶದ ಬಾಗಿಲಲ್ಲೇ ಹೇಗೆ ನಿಲ್ಲಿಸುತ್ತದೆ ಎಂಬುದು ನನ್ನ ಕುತೂಹಲ. ಅಂದಿನಿಂದ ಈ ವಿಷಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಪೇಟೆಂಟು ಎಂದರೆ ಸರಕಾರವು ಸಂಶೋಧಕನೊಂದಿಗೆ ಮಾಡಿಕೊಳ್ಳುವ ಒಂದು ಒಪ್ಪಂದ. "ನಿನ್ನ ಹೊಸ ಉಪಾಯವನ್ನು ಗುಟ್ಟು ಮಾಡದೆ ಲೋಕಕ್ಕೆ ಬರೆದು ತಿಳಿಸು, ಅದಕ್ಕೆ ಪ್ರತಿಯಾಗಿ ಅರ್ಜಿ ಹಾಕಿದ ದಿನದಿಂದ 20 ವರ್ಷ ನಿನ್ನ ಅಪ್ಪಣೆಯಿಲ್ಲದೆ ಬೇರೆಯವರು ಅದನ್ನು ತಯಾರಿಸದಂತೆ, ಮಾರದಂತೆ, ಹೊರಗಿನಿಂದ ತರಿಸದಂತೆ ತಡೆಯುವ ಹಕ್ಕು ಕೊಡುತ್ತೇವೆ" ಎಂಬುದು ಅದರ ತಿರುಳು. ಆದರೆ ಮೂರು ಷರತ್ತುಗಳಿವೆ. ಉಪಾಯ ಹೊಸದಾಗಿರಬೇಕು, ಆ ಕೆಲಸ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದಾಗಿರಬಾರದು, ಉಪಯೋಗಕ್ಕೆ ಬರಬೇಕು. ಇವನ್ನು ಪರೀಕ್ಷಿಸುವ ಅಧಿಕಾರಿಯೂ ಮನುಷ್ಯನೇ. ಜಗತ್ತಿನಲ್ಲಿ ಅಚ್ಚಾದುದನ್ನೆಲ್ಲ ಆತ ಓದಿರಲು ಸಾಧ್ಯವಿಲ್ಲ. ಹೀಗಾಗಿ ಕೊಟ್ಟ ಪೇಟೆಂಟನ್ನು ಮುಂದೆ ಯಾರಾದರೂ ಪುರಾವೆ ತಂದು ಪ್ರಶ್ನಿಸಬಹುದು. ಅದು ಅಸಿಂಧು ಎಂದು ಕಂಡುಬಂದರೆ ರದ್ದು ಮಾಡಬಹುದು.

ಎರಡು ಸಿಮ್ಮಿನ ಪೇಟೆಂಟು ಮದುರೈಯ ಎಸ್. ರಾಮಕುಮಾರ್ ಅವರದು. 2002ರಲ್ಲಿ ಅರ್ಜಿ ಹಾಕಿದ್ದ ಅವರಿಗೆ 2008ರಲ್ಲಿ 214388 ಎಂಬ ಸಂಖ್ಯೆಯ ಪೇಟೆಂಟು ದೊರೆಯಿತು. ಅದಕ್ಕೆ ಸ್ವಲ್ಪ ಮೊದಲು, 2007ರಲ್ಲಿ, ಬೌದ್ಧಿಕ ಆಸ್ತಿಯ ಹಕ್ಕುಳ್ಳವರು ಕಸ್ಟಮ್ಸ್‌ಗೆ ಸೂಚನೆ ಕೊಟ್ಟು ಆಮದು ಮಾಲನ್ನು ತಡೆಹಿಡಿಸಬಹುದು ಎಂಬ ನಿಯಮಗಳು ಬಂದಿದ್ದವು. ಆ ನಿಯಮಗಳಲ್ಲಿ ಪೇಟೆಂಟೂ ಸೇರಿತ್ತು. ಅವರು ಆ ದಾರಿ ಹಿಡಿದರು. ಎರಡು ಸಿಮ್ಮಿನ ಫೋನುಗಳು ಕಸ್ಟಮ್ಸ್‌ನಲ್ಲಿ ನಿಂತವು. ಕಾಯಿದೆ ಕೊಟ್ಟ ಹಕ್ಕನ್ನು ಅವರು ಬಳಸಿಕೊಂಡರು, ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಕಂಪನಿಗಳು ಕೋರ್ಟು ಹತ್ತಿದವು. ಕೊನೆಗೆ 2012ರಲ್ಲಿ ಚೆನ್ನೈನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು ಆ ಪೇಟೆಂಟನ್ನೇ ರದ್ದು ಮಾಡಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಸುಂಕದವನ ಮುಂದೆ ಸುಖ ದುಃಖ ಹೇಳಿಕೊಂಡಂತೆ ಎಂದು ನಮ್ಮಲ್ಲಿ ಗಾದೆಯೇ ಇದೆ. ಕಸ್ಟಮ್ಸ್ ಅಧಿಕಾರಿಗೆ ಪೇಟೆಂಟಿನ ಸತ್ಯಾಸತ್ಯ ಪರಿಶೀಲಿಸುವ ಅಧಿಕಾರವಿಲ್ಲ, ಆ ವಿದ್ಯೆಯೂ ಇಲ್ಲ. ನಕಲಿ ಹಣೆಪಟ್ಟಿ ಹಚ್ಚಿದ ಮಾಲನ್ನು ಕಣ್ಣಿನಿಂದ ಗುರುತಿಸಬಹುದು. ಒಂದು ಯಂತ್ರದೊಳಗಿನ ಉಪಾಯ ಹೊಸದೋ ಹಳೆಯದೋ ಎಂಬುದನ್ನು ಪೆಟ್ಟಿಗೆ ಬಿಚ್ಚಿ ನೋಡಿ ಹೇಳಲಾಗದು. 2007ರ ಸರಕಾರಿ ಸುತ್ತೋಲೆಯೇ, ಪೇಟೆಂಟಿನ ವಿಷಯದಲ್ಲಿ ಬಹಳ ಎಚ್ಚರದಿಂದ ನಡೆದುಕೊಳ್ಳಿರೆಂದು ಅಧಿಕಾರಿಗಳಿಗೆ ತಿಳಿಹೇಳಿತ್ತು.

ಈ ಕತೆಯನ್ನು ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಪೇಟೆಂಟs ಖರೇ ಅಲ್ಲ ಅಂತ ಗೊತ್ತಾದ ದಿನಾನs ಮಾಲು ಬಿಡಬೇಕಲ್ರೀ ಸರ್?" ಎಂದು ಕೇಳಿದಳು. ವಿಜ್ಞಾನದ ವಿದ್ಯಾರ್ಥಿಗೆ ತಕ್ಕ ಪ್ರಶ್ನೆ. ಗೃಹೀತವೇ ತಪ್ಪೆಂದಾದರೆ ಅದರ ಮೇಲೆ ಕಟ್ಟಿದ ತೀರ್ಮಾನಕ್ಕೆ ಬೆಲೆಯಿಲ್ಲ. ಆದರೆ ಕಾನೂನಿನ ಲೋಕದಲ್ಲಿ ಉತ್ತರ ಅಷ್ಟು ಸರಳವಲ್ಲ ಎಂದು ಅವಳಿಗೆ ನಮ್ಮ ಸೇತುವೆಯ ಉದಾಹರಣೆ ಕೊಟ್ಟೆ.

ಕೊಯ್ನಾದಿಂದ ನೀರು ಬಿಟ್ಟು ಕೃಷ್ಣೆ ಏರಿದಾಗ ಸೇತುವೆಗೆ ಅಡ್ಡಗಟ್ಟಿ ಸಂಚಾರ ನಿಲ್ಲಿಸುತ್ತಾರೆ. ನೀರು ಇಳಿದ ಕೂಡಲೇ ಬಿಡಿರೆಂದು ಜನ ಕೇಳುತ್ತಾರೆ. "ತಡೀರಿ, ಮತ್ತೆ ನೀರು ಬರಬಹುದು" ಎಂದು ಅಧಿಕಾರಿ ಹೇಳುತ್ತಾನೆ. ಪೇಟೆಂಟಿನಲ್ಲೂ ಹೀಗೆಯೇ. ಕೆಳಗಿನ ಮಂಡಳಿ ಅಸಿಂಧು ಎಂದದ್ದನ್ನು ಮೇಲಿನ ಕೋರ್ಟು ಸಿಂಧು ಎನ್ನಬಹುದು. ಅಷ್ಟರೊಳಗೆ ಮಾಲು ಒಳಗೆ ಬಂದು ಮಾರಿಹೋದರೆ ನಿಜವಾದ ಸಂಶೋಧಕನಿಗೆ ನಷ್ಟ. ಈ ಆತಂಕ ಸುಳ್ಳಲ್ಲ. ಹಾಗೆಂದು ಮೇಲ್ಮನವಿಗಳೆಲ್ಲ ಮುಗಿಯುವವರೆಗೂ ಅಡ್ಡಗಟ್ಟು ತೆಗೆಯುವುದೇ ಇಲ್ಲವೆಂದರೆ ಏನಾಗುತ್ತದೆ? ಅದಕ್ಕೆ ಅಮೆರಿಕದ ಒಂದು ಹಳದಿ ಹುರುಳಿಕಾಳಿನ ಕತೆ ಸಾಕ್ಷಿ.

ಅಮೆರಿಕದ ಬೀಜದ ವ್ಯಾಪಾರಿಯೊಬ್ಬ 1994ರಲ್ಲಿ ಮೆಕ್ಸಿಕೋದಿಂದ ಒಂದು ಚೀಲ ಕಾಳು ಕೊಂಡು ತಂದ. ಅದರಲ್ಲಿನ ಹಳದಿ ಕಾಳುಗಳನ್ನು ಆರಿಸಿ ಕೊಲರಾಡೋದಲ್ಲಿ ಬಿತ್ತಿ, 1996ರಲ್ಲಿ ಅರ್ಜಿ ಹಾಕಿದ. 1999ರಲ್ಲಿ ಪೇಟೆಂಟು ಸಿಕ್ಕಿತು. ತಳಿಗೆ 'ಎನೋಲಾ' ಎಂಬ ಹೆಸರು. ಆ ಹಕ್ಕಿನಲ್ಲಿ ಕಾಳಿನ ಹಳದಿ ಬಣ್ಣವೇ ಮುಖ್ಯ. ಮೆಕ್ಸಿಕೋದವರು ತಲೆತಲಾಂತರದಿಂದ ತಿನ್ನುವ ಕಾಳು ಅಮೆರಿಕದ ಗಡಿಯಲ್ಲಿ ತಪಾಸಣೆಗೆ ನಿಂತಿತು. ಆಮದುದಾರರ ಮೇಲೆ ದಾವೆ ಬಿತ್ತು. ಬೇಕಾದರೆ ಪೌಂಡಿಗೆ ಇಷ್ಟೆಂದು ಗೌರವಧನ ಕೊಡಿರೆಂಬ ಬೇಡಿಕೆ ಬಂತು. ಮೆಕ್ಸಿಕೋದ ರೈತರ ರಫ್ತು ಕುಸಿಯಿತು.

ಕೊಲಂಬಿಯಾದ ಕಾಲಿಯಲ್ಲಿರುವ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಕೇಂದ್ರ 2000ದ ಡಿಸೆಂಬರಿನಲ್ಲಿ ಮರುಪರಿಶೀಲನೆಗೆ ಅರ್ಜಿ ಹಾಕಿತು. ಅದರ ಬೀಜ ಭಂಡಾರದಲ್ಲಿ ಇಂಥ ಹಳದಿ ಕಾಳುಗಳ ಮಾದರಿಗಳು ಮೊದಲೇ ಇದ್ದವು. 2004ರಲ್ಲಿ ಪ್ರಕಟವಾದ ಆನುವಂಶಿಕ ಅಧ್ಯಯನವೊಂದು, ಎನೋಲಾ ಮತ್ತು ಮೆಕ್ಸಿಕೋದಲ್ಲಿ ಮೊದಲೇ ಇದ್ದ ತಳಿಯೊಂದು ಒಂದೇ ಎಂದು ತೋರಿಸಿತು. 2005ರಲ್ಲಿ ಪೇಟೆಂಟ್ ಕಚೇರಿಯ ಪರೀಕ್ಷಕರು ಹಕ್ಕನ್ನು ತಿರಸ್ಕರಿಸಿದರು. 2008ರಲ್ಲಿ ಕಚೇರಿಯ ಮೇಲ್ಮನವಿ ಮಂಡಳಿ ಅದನ್ನೇ ಎತ್ತಿಹಿಡಿಯಿತು. 2009ರ ಜುಲೈಯಲ್ಲಿ ಕೋರ್ಟೂ ಒಪ್ಪಿತು. ಆದರೆ ಅಲ್ಲಿಯವರೆಗೆ ಕಾಗದದ ಮೇಲೆ ಪೇಟೆಂಟು ಜೀವಂತವಾಗಿಯೇ ಇತ್ತು.

ಲೆಕ್ಕ ಹಾಕಿ ನೋಡಿ. ಅರ್ಜಿಯ ದಿನದಿಂದ 20 ವರ್ಷವೆಂದರೆ ಆ ಪೇಟೆಂಟಿನ ಆಯುಷ್ಯ ಹೇಗೂ 2016ಕ್ಕೆ ಮುಗಿಯುತ್ತಿತ್ತು. ಕೊಟ್ಟ 1999ರಿಂದ ಎಣಿಸಿದರೆ ಸುಮಾರು 17 ವರ್ಷ. ಅದರಲ್ಲಿ 10 ವರ್ಷ ವ್ಯಾಜ್ಯದಲ್ಲೇ ಕಳೆಯಿತು. ಅಸಿಂಧು ಪೇಟೆಂಟು ತನ್ನ ಬಾಳಿನ ಅರ್ಧಕ್ಕಿಂತ ಹೆಚ್ಚು ಕಾಲ ಸಿಂಧುವಿನಂತೆಯೇ ಬಾಳಿತು. ನಾಲ್ಕೈದು ಸುಗ್ಗಿ ಮಾರಾಟ ತಪ್ಪಿದ ರೈತನಿಗೆ ಕೊನೆಯ ತೀರ್ಪಿನಿಂದ ಆ ಸುಗ್ಗಿಗಳು ತಿರುಗಿ ಬರುವುದಿಲ್ಲ.

ಆದ್ದರಿಂದ ನನಗೆ ಸರಿ ಕಾಣುವ ದಾರಿ ಇದು: ತಕ್ಕ ಮಂಡಳಿಯು ಎರಡೂ ಕಡೆಯವರ ವಾದ ಕೇಳಿ ಪೇಟೆಂಟು ಅಸಿಂಧು ಎಂದ ದಿನವೇ, ಅದರ ಆಧಾರದ ಮೇಲೆ ಹೇರಿದ ಆಮದು ನಿಷೇಧವನ್ನು ಅಮಾನತಿನಲ್ಲಿಡಬೇಕು. ರದ್ದು ಬೇಡ, ಅಮಾನತು ಸಾಕು. ಮೇಲ್ಮನವಿಯಲ್ಲಿ ಸಂಶೋಧಕ ಗೆದ್ದರೆ ನಿಷೇಧ ಮತ್ತೆ ಜಾರಿಗೆ ಬರಲಿ. ನಡುವಿನ ನಷ್ಟಕ್ಕೆ ಆಮದುದಾರನಿಂದ ಮೊದಲೇ ಠೇವಣಿ ಇರಿಸಿಕೊಳ್ಳಲಿ. ಸಂಶೋಧಕನ ನಷ್ಟವನ್ನು ಹಣದಿಂದ ತುಂಬಿಕೊಡಬಹುದು. ಮಾಲು ಸಿಗದೆ ಬಾಗಿಲು ಹಾಕಿದ ಸಣ್ಣ ಅಂಗಡಿಯವನಿಗೆ, ಕೊಳ್ಳಲಾಗದೆ ಹೋದ ಗಿರಾಕಿಗೆ ತುಂಬಿಕೊಡುವವರು ಯಾರು? ಅವರ ಹೆಸರು ಯಾವ ದಾವೆಯಲ್ಲೂ ಇರುವುದಿಲ್ಲ.

ಇದು ಬರಿಯ ಮೇಷ್ಟರ ಕನಸಲ್ಲ. ಅಮೆರಿಕದಲ್ಲಿ 1930ರ ಸುಂಕ ಕಾಯಿದೆಯ 337ನೆಯ ಕಲಮಿನ ಪ್ರಕಾರ ಅಲ್ಲಿನ ಅಂತಾರಾಷ್ಟ್ರೀಯ ವ್ಯಾಪಾರ ಆಯೋಗ ಇಂಥ ನಿಷೇಧಗಳನ್ನು ಹೊರಡಿಸುತ್ತದೆ. ಪೇಟೆಂಟ್ ಕಚೇರಿಯ ಮಂಡಳಿ ಬೇರೆ, ಈ ಆಯೋಗ ಬೇರೆ. ಒಂದು ಅಸಿಂಧು ಎಂದರೂ ಇನ್ನೊಂದರ ನಿಷೇಧ ತಾನಾಗಿ ಬೀಳುವುದಿಲ್ಲ. ಆದರೆ 2020ರಲ್ಲಿ ಚೀನಾದ ಡಿಜೆಐ ಕಂಪನಿಯ ಡ್ರೋನ್‌ಗಳ ಮೇಲೆ ನಿಷೇಧದ ಆದೇಶ ಹೊರಡಿಸುವಾಗ, ಆ ಪೇಟೆಂಟನ್ನು ಮಂಡಳಿಯು ಆಗಲೇ ಅಸಿಂಧು ಎಂದಿದ್ದುದರಿಂದ, ವ್ಯಾಜ್ಯ ಕೊನೆಗೊಳ್ಳುವವರೆಗೆ ಆಯೋಗವೇ ತನ್ನ ಆದೇಶದ ಜಾರಿಯನ್ನು ಅಮಾನತಿನಲ್ಲಿಟ್ಟಿತು. ನಮ್ಮ ದೇಶ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2018ರ ಜೂನ್‌ನಲ್ಲಿ ಕಸ್ಟಮ್ಸ್ ನಿಯಮಗಳಿಂದ ಪೇಟೆಂಟನ್ನೇ ಕೈಬಿಡಲಾಯಿತು. ಟ್ರೇಡ್‌ಮಾರ್ಕಿನಂಥ ಉಳಿದ ಹಕ್ಕುಗಳು ರದ್ದಾದರೆ ಹಕ್ಕುದಾರರೇ ಕಸ್ಟಮ್ಸ್‌ಗೆ ತಿಳಿಸಬೇಕೆಂಬ ನಿಯಮವೂ ಸೇರಿತು.

ವಿದ್ಯಾರ್ಥಿಗಳು ಇದರಿಂದ ಕಲಿಯಬೇಕಾದುದೇನು? ಪೇಟೆಂಟು ಬೀಳುವುದು ಕೂಗಾಟದಿಂದಲ್ಲ, ದಾಖಲೆಯಿಂದ. ಅರಿಷಿಣ ನಮ್ಮ ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯ ಹೊಲಗಳಲ್ಲಿ ಬೆಳೆಯುತ್ತದೆ. ಗಾಯಕ್ಕೆ ಅರಿಷಿಣ ಹಚ್ಚುವುದು ಇಲ್ಲಿ ಎಲ್ಲ ತಾಯಂದಿರಿಗೂ ಗೊತ್ತು. ಇದೇ ಗುಣಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟು ಕೊಡಲಾಗಿತ್ತು. "ನಮ್ಮಜ್ಜಿಗೂ ಗೊತ್ತಿತ್ತು" ಎಂದಷ್ಟೇ ಹೇಳಿದ್ದರೆ ಅದು ಬೀಳುತ್ತಿರಲಿಲ್ಲ. ಡಾ. ಆರ್. ಎ. ಮಾಶೇಲ್ಕರ್ ಅವರ ನೇತೃತ್ವದ ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನೂ, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನವನ್ನೂ ಮುಂದಿಟ್ಟು ವಾದಿಸಿತು. 1997ರಲ್ಲಿ ಆ ಹಕ್ಕುಗಳು ತಿರಸ್ಕೃತವಾದವು. ಅಜ್ಜಿಯ ತಿಳಿವಳಿಕೆಯನ್ನು ಯಾರೋ ಒಬ್ಬರು ಹಿಂದೆಯೇ ಬರೆದಿಟ್ಟಿದ್ದರಿಂದ ಅದು ಸಾಧ್ಯವಾಯಿತು.

ಪಾಲಕರಲ್ಲಿ ಒಂದು ವಿನಂತಿ. ರಜೆಯಲ್ಲಿ ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡಿಸಿ. ಮನೆಯ ಹಿರಿಯರು ಬೀಜ ಇಡುವ ರೀತಿ, ದನಕ್ಕೆ ಮಾಡುವ ಔಷಧ, ಹುಳು ಬಾರದಂತೆ ಕಾಳು ಕಾಯುವ ಉಪಾಯ, ಇವನ್ನು ಕೇಳಿ ದಿನಾಂಕ ಹಾಕಿ ಬರೆಯಲು ಹೇಳಿ. ಬರೆಯುತ್ತಾ ಹೋದ ಮಗು "ಇದಕ್ಕೆ ಆಧಾರ ಏನು?" ಎಂದು ಕೇಳಲು ಕಲಿಯುತ್ತದೆ. ನಾಳೆ ಅದೇ ಮಗು ಪೇಟೆಂಟು ಪಡೆಯುವ ಸಂಶೋಧಕನಾದರೂ ಆಗಬಹುದು, ಪೇಟೆಂಟನ್ನು ಪ್ರಶ್ನಿಸುವವನಾದರೂ ಆಗಬಹುದು. ಎರಡಕ್ಕೂ ಬೇಕಾದ ವಿದ್ಯೆ ಒಂದೇ.