ಬಸ್ಸಿನಲ್ಲಿ 'ಕಟ್' ಇಲ್ಲ ಸ್ವಾಮೀ!

ಮದ್ದೂರು ಬಸ್‌ಸ್ಟಾಂಡಿನಲ್ಲಿ ನಿಂತು ಒಂದು ಕಡೆ ಕೈ ತೋರಿಸಿದರೆ ಬೆಂಗಳೂರು, ಇನ್ನೊಂದು ಕಡೆ ತೋರಿಸಿದರೆ ಮಂಡ್ಯ, ಮೈಸೂರು. ಈ ರಸ್ತೆಗೆ ಇರುವುದು ಇಷ್ಟೇ ಅಂತ ನಾವು ತಿಳಿದಿದ್ದೆವು. ಆದರೆ ನಮ್ಮ 275ನೇ ನಂಬರಿನ ಹೆದ್ದಾರಿ ಮೈಸೂರಿಗೆ ನಿಲ್ಲೋದಿಲ್ಲ ಸ್ವಾಮೀ! ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರು ಅಂತ ಘಟ್ಟ ಇಳಿದು ಬಂಟ್ವಾಳ ಸೇರುತ್ತೆ. ಅಲ್ಲಿಂದ ಮಂಗಳೂರು ಇಪ್ಪತ್ತೈದು ಕಿಲೋಮೀಟರ್. ಈಗ ಬೈಪಾಸ್ ಬಂದು ಹೆದ್ದಾರಿ ಊರ ಹೊರಗೆ ಸರಿದಿದೆ, ಇರಲಿ. ನಮ್ಮೂರ ರಸ್ತೆಯನ್ನೇ ಹಿಡಿದು ಸುಮ್ಮನೆ ಹೋದರೆ ಸಿಗುವುದು ಕಡಲು!

ಈ ಗುಟ್ಟು ಗೊತ್ತಾದದ್ದು 2014ರಲ್ಲಿ. ಆ ವರ್ಷ 'ಉಳಿದವರು ಕಂಡಂತೆ' ಬಂದಿತ್ತು. ಮಲ್ಪೆಯ ದೋಣಿ, ಮೀನು, ಹುಲಿವೇಷ ನೋಡಿ ನಮ್ಮ ಪಟಾಲಮ್ಮಿಗೆ ತಲೆ ತಿರುಗಿತು. ಪಟಾಲಂ ಅಂದರೆ ಮೂರೇ ಜನ. ಮಂಡ್ಯದವನೊಬ್ಬ, ಮಳವಳ್ಳಿಯವನೊಬ್ಬ, ಮದ್ದೂರಿನವನು ನಾನು. ಮೂವರಿಗೂ ಇಪ್ಪತ್ತೆರಡು ವಯಸ್ಸು, ಮೂವರ ಜೇಬೂ ಖಾಲಿ. ಮಂಡ್ಯದವನು ಅಂಬರೀಷಣ್ಣನ ಭಕ್ತ. ನಮ್ಮ ತಾಲ್ಲೂಕಿನ ದೊಡ್ಡರಸಿನಕೆರೆಯವರಲ್ಲವೇ ಅಂಬಿ, ಅದಕ್ಕೆ ನನ್ನ ಮೇಲೂ ಅವನಿಗೆ ಸ್ವಲ್ಪ ಗೌರವ! ಮಳವಳ್ಳಿಯವನು ಶಂಕ್ರಣ್ಣನ ಕಡೆ. ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು, ಇವನು ಹುಟ್ಟಿದ್ದೇ ಆಮೇಲೆ. ಆದರೂ ಅವನ ಪರ್ಸಿನಲ್ಲಿ 'ಆಟೋ ರಾಜ'ನ ಫೋಟೋ. "ಲೋ, ಶಂಕ್ರಣ್ಣ ಹೊನ್ನಾವರದ ಕಡೆಯವ್ರು ಕಣ್ಲಾ. ಆ ಊರ ನೀರು ಕುಡ್ದು ಬರದೇಯ" ಅಂತ ಅವನ ಹಟ.

ಮದ್ದೂರು ವಡೆ ಕಟ್ಟಿಕೊಟ್ಟ ಪೇಪರಿನ ಮೇಲೇ ಪ್ಲಾನು ಬರೆದೆವು. ನಾಲ್ಕು ದಿನ. ಬೇಕಲದ ಕೋಟೆಯಿಂದ ಕಾರವಾರದ ತನಕ. ಎಣ್ಣೆಯ ಕಲೆಯ ಮೇಲೆ ಬಾಲ್‌ಪೆನ್ ಬರೆಯಲಿಲ್ಲ, ಆ ಜಾಗದಲ್ಲಿದ್ದ ಎರಡು ಊರು ಬಿಟ್ಟೇ ಹೋಯಿತು. ಅಪಶಕುನ ಅಂದರೆ ಅದೇ ಇರಬೇಕು!

ಹಾಡಿನಲ್ಲಿ ಮೂರು ನಿಮಿಷ, ಬಸ್ಸಿನಲ್ಲಿ ಮೂರು ದಿನ

ತಪ್ಪು ನಮ್ಮದಲ್ಲ, ಸಿನಿಮಾದ್ದು! ಹಾಡಿನಲ್ಲಿ ಹೀರೋ ಪಲ್ಲವಿಗೆ ಮಲ್ಪೆಯಲ್ಲಿರುತ್ತಾನೆ, ಚರಣಕ್ಕೆ ಬೇಕಲದ ಬುರುಜಿನ ಮೇಲೆ ನಿಂತಿರುತ್ತಾನೆ. ನಡುವೆ ಡೈರೆಕ್ಟರ್ ಸಾಹೇಬರು 'ಕಟ್' ಅಂದಿರುತ್ತಾರೆ. ಬಸ್ಸಿನಲ್ಲಿ ಕಟ್ ಎಲ್ಲಿದೆ ಸ್ವಾಮೀ? ಕರ್ನಾಟಕದ ಕಡಲ ಅಂಚು ಸುಮಾರು 320 ಕಿಲೋಮೀಟರ್. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಅಂತ ಮೂರು ಜಿಲ್ಲೆ. ನೇತ್ರಾವತಿಯಿಂದ ಕಾಳಿಯ ತನಕ ಎಷ್ಟೊಂದು ಹೊಳೆ! ಮ್ಯಾಪಿನಲ್ಲಿ ಒಂದು ಗೆರೆ ಎಳೆದರೆ ಮುಗಿಯಿತು. ನೆಲದ ಮೇಲೆ ಪ್ರತಿ ಹೊಳೆ ದಾಟಿದಾಗಲೂ ಮಾತು ಬೇರೆ, ಊಟ ಬೇರೆ.

ನಮಗೆ ಇದು ಮೊದಲು ತಿಳಿದದ್ದು ಮಂಗಳೂರಿನ ಹೋಟೆಲಿನಲ್ಲಿ. ಮಂಡ್ಯದವನು "ಅಣ್ಣಾ, ಮುದ್ದೆ ಐತಾ?" ಅಂದ. ಹೋಟೆಲಿನವರು ನಕ್ಕು "ಮುದ್ದೆ ಇಲ್ಲ ಮಾರಾಯ್ರೆ, ಗಂಜಿ ಉಂಟು" ಅಂದರು. ನಮ್ಮ 'ಐತೆ' ಅವರ 'ಉಂಟು' ಎದುರಾಬದುರಾ ಕೂತು ಊಟ ಮಾಡಿದವು! ಕೆಂಪು ಕುಚ್ಚಲಕ್ಕಿ ಅನ್ನ ನೋಡಿ, ಮನೆ ತುಂಬ ಬಿಳಿ ಅಕ್ಕಿ ಮೂಟೆ ಇರುವ ಮಳವಳ್ಳಿಯವನು ಮುಖ ಹುಳ್ಳಗೆ ಮಾಡಿದ. ಬಂಗುಡೆ ಸಾರು ಬಿದ್ದ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡವನೂ ಅವನೇ.

ಆಮೇಲಿನದು ಬರೀ ಓಟ. ಬೇಕಲದಲ್ಲಿ ಅರ್ಧ ಗಂಟೆ. ಮಲ್ಪೆಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗೋಣ ಅಂದರೆ, ಮೇ ಕೊನೆಯ ವಾರ, ಕಡಲು ಎದ್ದಿದೆ, ದೋಣಿ ನಿಂತಿದೆ. ಉಡುಪಿಯಲ್ಲಿ ಚಪ್ಪಲಿ ಹುಡುಕುವುದರಲ್ಲಿ ಒಂದು ಗಂಟೆ ಹೋಯಿತು. ಕುಂದಾಪುರದಲ್ಲಿ ಬಸ್ಸು ಬದಲು. ಮುರ್ಡೇಶ್ವರದಲ್ಲಿ ಶಿವನ ಮೂರ್ತಿ ನೋಡಲು ಕತ್ತೆತ್ತಿದೆವು, ಕತ್ತು ಇಳಿಸುವ ಹೊತ್ತಿಗೆ ಮುಂದಿನ ಬಸ್ಸು. ಮೂರು ದಿನದಲ್ಲಿ ನಾವು ಚೆನ್ನಾಗಿ ನೋಡಿದ್ದು ಕರಾವಳಿಯ ಬಸ್‌ಸ್ಟಾಂಡುಗಳನ್ನು! ಇನ್ನೂ ನಾಚಿಕೆಗೇಡು ಕೇಳಿ. ಮೂರನೇ ರಾತ್ರಿ ಬಸ್ಸು ಹೊನ್ನಾವರ ದಾಟಿತು, ಶರಾವತಿಯ ಸೇತುವೆಯೂ ದಾಟಿತು. ಶಂಕ್ರಣ್ಣನ ಭಕ್ತ ಸೇರಿ ಮೂವರೂ ಗೊರಕೆ!

ಇಂಟರ್‌ವಲ್ ಆದಮೇಲೆ

ಇಲ್ಲಿಂದ ನಗುವಂಥದ್ದಿಲ್ಲ. ನಾಲ್ಕನೇ ದಿನ ಬಡಗಣ ಕಡೆಯ ಒಂದು ಬೀಚು. ಊರ ಹೆಸರು ಬೇಡ, ಊರಿನ ತಪ್ಪೇನಿಲ್ಲ. ಹೊನ್ನಾವರ ತಪ್ಪಿಹೋದ ಸಿಟ್ಟಿನಲ್ಲಿ ಮಳವಳ್ಳಿಯವನು ಅಂಗಿ ಬಿಚ್ಚಿ ಎಸೆದ. ದಡದಲ್ಲಿ ಕೆಂಪು ಬಾವುಟ ಇತ್ತು. ಯಾವುದೋ ಪಕ್ಷದ್ದು ಅಂತ ನಾವು ತಿಳಿದೆವು, ದೇವರಾಣೆ! ಬಲೆ ಹೆಣೆಯುತ್ತ ಕೂತಿದ್ದ ಹಿರಿಯರೊಬ್ಬರು "ಇವತ್ತು ಇಳೀಬೇಡಿ" ಅಂದರು. ನಮ್ಮವನು ತಿರುಗಿ ನೋಡಲಿಲ್ಲ. "ಯಜಮಾನ್ರೇ, ನಾನು ಶಿವನಸಮುದ್ರದ ಹೊಳೇಲಿ ಈಜಿದವ್ನು. ವಿ.ಸಿ. ನಾಲೇಲಿ ಸೇತುವೆ ಮ್ಯಾಲಿಂದ ಹಾರಿದವ್ನು!"

ಸೊಂಟದ ಮಟ್ಟದ ನೀರು. ನಗುತ್ತಿದ್ದ, ಕೈ ಬೀಸುತ್ತಿದ್ದ. ಮರುಕ್ಷಣ ಇಪ್ಪತ್ತು ಮಾರು ಆಚೆ ಬರೀ ತಲೆ ಕಾಣುತ್ತಿತ್ತು. ದಡದ ಕಡೆ ಮುಖ ಮಾಡಿ ಜೀವ ಬಿಟ್ಟು ಈಜುತ್ತಿದ್ದಾನೆ, ಆದರೆ ಹಿಂದಕ್ಕೇ ಹೋಗುತ್ತಿದ್ದಾನೆ. ನಾನು ಕೂಗಿದೆ. ಕೂಗಿದ್ದು ಮಾತ್ರ, ಕಾಲು ಅಲ್ಲಾಡಲಿಲ್ಲ. ಮಂಡ್ಯದವನು ನೀರಿಗೆ ಓಡುತ್ತಿದ್ದವನನ್ನು ಯಾರೋ ಹಿಡಿದು ಕೆಡವಿದರು. ಆ ಹಿರಿಯರೂ ಇನ್ನಿಬ್ಬರೂ ಹಗ್ಗ, ಟ್ಯೂಬು ಹಿಡಿದು ಪಕ್ಕದಿಂದ ಇಳಿದರು, ನೇರವಾಗಿ ಅಲ್ಲ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಎಳೆದು ತಂದು ಮರಳ ಮೇಲೆ ಮಲಗಿಸಿದಾಗ ಅವನ ತುಟಿ ನೀಲಿ, ಬಾಯಲ್ಲಿ ಮರಳು. ಕೆಮ್ಮಿದ. ಅಷ್ಟು ಚೆಂದದ ಕೆಮ್ಮನ್ನು ನಾನು ಜೀವಮಾನದಲ್ಲಿ ಕೇಳಿಲ್ಲ.

ದುಡ್ಡು ಕೊಡಲು ಹೋದೆವು. ಹಿರಿಯರು ಮುಟ್ಟಲಿಲ್ಲ. "ನಿಮ್ಮ ನಾಲೆಗೆ ಎರಡು ದಡ ಉಂಟು. ಇದಕ್ಕೆ ಒಂದೇ. ಮನೆಗೆ ಹೋಗಿ" ಅಂದು ಬಲೆಯ ಕಡೆ ನಡೆದರು.

ಕಾರವಾರ ನೋಡಲಿಲ್ಲ. ರಾತ್ರಿ ಬಸ್ಸು ಹತ್ತಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಮೂವರೂ ಎಚ್ಚರ, ಮೂವರೂ ಮಾತಿಲ್ಲ. ಅವತ್ತಿನಿಂದ ಮಳವಳ್ಳಿಯವನ ಮುಂದೆ ಕಡಲಿನ ಮಾತು ಎತ್ತಲಿಲ್ಲ. ಸಿನಿಮಾದಲ್ಲಿ ಬೀಚಿನ ಸೀನು ಬಂದರೆ ಅವನು ಎದ್ದು ಟೀ ಕುಡಿಯಲು ಹೋಗುತ್ತಿದ್ದ.

ಹೀಗೆ ಹತ್ತು ವರ್ಷ ಕಳೆಯಿತು. ಮೊನ್ನೆ ಅವನೇ ಮದ್ದೂರಿಗೆ ಬಂದ. ಜೊತೆಗೆ ಆರು ವರ್ಷದ ಮಗ. "ಇವನು ಸಮುದ್ರ ತೋರ್ಸಪ್ಪಾ ಅಂತ ಪ್ರಾಣ ತಿಂತಾವ್ನೆ. ನಾನು ಹೆದ್ರುಕೊಂಡು ಕೂತ್ರೆ ಇವನೂ ಹೆದ್ರುಕೊಂಡೇ ಬೆಳೀತಾನೆ. ಇಲ್ಲಾ ನನ್ ಥರಾನೇ ಒಂದಿನ ಯಾರಿಗೂ ಹೇಳ್ದೆ ಹೋಗಿ ನುಗ್ತಾನೆ. ಪ್ಲಾನ್ ಹಾಕ್ಲಾ. ಈ ಸಲ ಸರಿಯಾಗ್ ಹಾಕು" ಅಂದ.

ಕಡಲಿಗೆ ನಾಲ್ಕು ರೀಲು

ಅದಕ್ಕೆ ಈ ಸಲ ವಡೆ ಪೇಪರು ಬಿಟ್ಟು ನೋಟ್‌ಬುಕ್ ತೆಗೆದೆ. ನಿಮಗೂ ಉಪಯೋಗವಾದೀತು, ಬರೆದುಕೊಳ್ಳಿ. ಕರಾವಳಿಯನ್ನು ನಾಲ್ಕು ರೀಲು ಮಾಡಿಕೊಳ್ಳಿ. ಒಂದು ಪ್ರಯಾಣಕ್ಕೆ ಒಂದೇ ರೀಲು!

ಮೊದಲನೇ ರೀಲು, ಮಂಗಳೂರಿನಿಂದ ತೆಂಕಣಕ್ಕೆ. ಉಳ್ಳಾಲ, ಮಂಜೇಶ್ವರ, ಕಾಸರಗೋಡು, ಬೇಕಲ. ತುಳು, ಬ್ಯಾರಿ, ಕೊಂಕಣಿ, ಮಲಯಾಳ, ಕನ್ನಡ ಎಲ್ಲ ಒಂದೇ ಬಸ್ಸಿನಲ್ಲಿ ಕೇಳುತ್ತೆ. ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿದರೂ ಕನ್ನಡದ ಮನೆಗಳು, ಕನ್ನಡದ ಶಾಲೆಗಳು ಅಲ್ಲಿವೆ. ರಿಷಬ್ ಶೆಟ್ಟರು 2018ರಲ್ಲಿ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಮಾಡಿದ್ದು ಸುಮ್ಮನೆ ಅಲ್ಲ. ಬೇಕಲದ ಕೋಟೆ ಕೆಳದಿಯ ಶಿವಪ್ಪನಾಯಕನ ಕಾಲದ್ದು. ಮಣಿರತ್ನಂ 1995ರ 'ಬಾಂಬೆ'ಯ ಹಾಡನ್ನು ಮಳೆಯಲ್ಲಿ ತೆಗೆದದ್ದು ಅಲ್ಲೇ.

ಎರಡನೇ ರೀಲು, ಉಡುಪಿ ಮತ್ತು ಮಲ್ಪೆ. ದ್ವೀಪದ ಕಂಬದಂಥ ಕಲ್ಲುಗಳನ್ನು ನೋಡಬೇಕೆಂದರೆ ಮಳೆಗಾಲ ಬಿಟ್ಟು ಹೋಗಿ. ಬೆಳಗಿನ ಜಾವ ಮಲ್ಪೆ ಬಂದರಿನಲ್ಲಿ ಮೀನು ಇಳಿಯುವುದನ್ನು ನೋಡಿ, ಯಾವ ಫೈಟ್ ಸೀನೂ ಸಾಟಿಯಿಲ್ಲ! ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ, ಬಂದರು ಮಲಗಿರುತ್ತೆ.

ಮೂರನೇ ರೀಲು, ಕುಂದಾಪುರದಿಂದ ಬೈಂದೂರು. ಮಾತು ಕುಂದಗನ್ನಡ. ಮಾತಿಗೊಂದು 'ಕಾಣಿ' ಸೇರಿಸುತ್ತಾರೆ, ಕೇಳಲು ಸೊಗಸು. ಮರವಂತೆಯಲ್ಲಿ ರಸ್ತೆಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ. ಇಲ್ಲಿ ಮಾತ್ರ ಸಿನಿಮಾದವರು ಸುಳ್ಳು ಹೇಳಿಲ್ಲ! ಒಳಗೆ ಘಟ್ಟದ ಕಡೆ ಹೋದರೆ ಕೆರಾಡಿ, 2022ರ 'ಕಾಂತಾರ' ತೆಗೆದ ಊರು. ಆದರೆ ಒಂದು ಮಾತು. ಕೋಲ ಅಲ್ಲಿಯವರಿಗೆ ಆರಾಧನೆ, ನಮಗೆ ಶೂಟಿಂಗ್ ಅಲ್ಲ. ಕೇಳದೆ ಫೋಟೋ ತೆಗೆಯಬೇಡಿ, ಆ ಕೂಗು ಹಾಕಿ ನಗಬೇಡಿ. ಯಕ್ಷಗಾನದ ಮೇಳಗಳು ನವೆಂಬರಿನಿಂದ ಮೇ ತನಕ ತಿರುಗುತ್ತವೆ. ಒಂದು ರಾತ್ರಿ ಅದಕ್ಕೇ ಇಟ್ಟುಬಿಡಿ.

ನಾಲ್ಕನೇ ರೀಲು, ಭಟ್ಕಳದಿಂದ ಕಾರವಾರ. ಇದು ಉದ್ದದ ರೀಲು, ಬೇಕಾದರೆ ಎರಡಾಗಿ ತುಂಡು ಮಾಡಿ. ಹೊನ್ನಾವರದಲ್ಲಿ ಶರಾವತಿ, ಕುಮಟೆಯ ಹತ್ತಿರ ಮಿರ್ಜಾನ್ ಕೋಟೆ, ಆಮೇಲೆ ಗೋಕರ್ಣ, ಅಂಕೋಲೆ. ಕೊನೆಗೆ ಕಾರವಾರ. ರವೀಂದ್ರನಾಥ ಟಾಗೋರರು ಹುಡುಗರಾಗಿದ್ದಾಗ ಬಂದು ಕೂತು ನಾಟಕ ಬರೆದ ಊರು ಅದು.

ಯಾವಾಗ, ಹೇಗೆ?

ಮಂಡ್ಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಉಡುಪಿಯಲ್ಲಿ 4000 ದಾಟುತ್ತೆ. ನಮ್ಮ ಛತ್ರಿ ಅಲ್ಲಿ ಎರಡು ದಿನ ಬಾಳೋದಿಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಂತು, ಜನ ಸತ್ತರು. ಹಾಗಾಗಿ ನವೆಂಬರಿನಿಂದ ಫೆಬ್ರವರಿ ನೋಡಿಕೊಳ್ಳಿ. ಗದ್ದೆ ಕೊಯ್ಲು, ಕಬ್ಬಿನ ಕಟಾವು ಅಂತ ಮನೆಯಲ್ಲಿ ಕೆಲಸವಿದ್ದರೆ ಅದನ್ನು ಮುಗಿಸಿಯೇ ಹೊರಡಿ, ಅಪ್ಪನ ಬೈಗುಳ ತಲೆಯಲ್ಲಿಟ್ಟುಕೊಂಡು ಕಡಲು ನೋಡಬಾರದು!

ಬಸ್ಸಾದರೆ ಮೈಸೂರಿಗೆ ಹೋಗಿ ಮಡಿಕೇರಿ ಮೇಲೆ ಮಂಗಳೂರು. ರೈಲಾದರೆ ಬೆಂಗಳೂರಿನಿಂದ ಮೈಸೂರಿನ ಮೇಲೆ ಮುರ್ಡೇಶ್ವರಕ್ಕೆ ರಾತ್ರಿ ಗಾಡಿ ಇದೆ. ಹೊತ್ತು, ನಿಲುಗಡೆ ಸ್ಟೇಷನ್ನಿನಲ್ಲೇ ಕೇಳಿಕೊಳ್ಳಿ. ಕೊಂಕಣ ರೈಲ್ವೆ 1998ರಲ್ಲಿ ಪೂರ್ತಿಯಾದ ಮೇಲೆ ಕಡಲ ಅಂಚಿನಲ್ಲಿ ಬಡಗಣಕ್ಕೂ ರೈಲಿನಲ್ಲೇ ಹೋಗಬಹುದು. ಹೊನ್ನಾವರದಲ್ಲಿ ಶರಾವತಿಯ ಮೇಲಿನ ರೈಲು ಸೇತುವೆ ಎರಡು ಕಿಲೋಮೀಟರಿಗೂ ಉದ್ದ. ಹಗಲು ದಾಟಿ. ದಯವಿಟ್ಟು ಗೊರಕೆ ಬೇಡ.

ಇನ್ನು ನೀರಿನ ಮಾತು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ಕಡಲಿನ ಪಾಲಾದರು. ನಮ್ಮಂಥ ಬಯಲುಸೀಮೆಯ ಮಕ್ಕಳೇ. ಅದಕ್ಕೆ ಹೇಳುತ್ತೇನೆ. ಕೆಂಪು ಬಾವುಟ ಅಂದರೆ ಇಳಿಯಬೇಡ ಅಂತ ಅರ್ಥ, ಚುನಾವಣೆ ಅಲ್ಲ. ಜೀವರಕ್ಷಕರು ಇರುವ ಕಡೆ ಮಾತ್ರ ಇಳಿಯಿರಿ. ಕುಡಿದು ಇಳಿಯಲೇಬೇಡಿ. ಅಲೆ ಮುರಿಯದೆ ಸುಮ್ಮನೆ ನಯವಾಗಿ ಕಾಣುವ ಪಟ್ಟಿಯಲ್ಲೇ ಎಷ್ಟೋ ಸಲ ಒಳಸೆಳೆತ ಇರುತ್ತೆ. ದಡಕ್ಕೆ ಬಂದ ನೀರು ವಾಪಸು ಹೋಗುವ ಓಣಿ ಅದು. ಸಿಕ್ಕಿಬಿದ್ದರೆ ದಡದ ಕಡೆ ಈಜಿ ಸುಸ್ತಾಗಬೇಡಿ. ತೇಲಿಕೊಂಡು, ಕೈ ಎತ್ತಿ ಕೂಗಿ, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿದು, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ನಮ್ಮ ಮಳವಳ್ಳಿಯವನಿಗೆ ಅವತ್ತು ಇಷ್ಟು ಗೊತ್ತಿದ್ದರೆ ಸಾಕಿತ್ತು.

ಈ ಸಲದ ಪ್ಲಾನು

ನೋಟ್‌ಬುಕ್ಕಿನಲ್ಲಿ ಈಗ ಇರುವುದು ಒಂದೇ ಊರು, ಹೊನ್ನಾವರ. ಮೂರು ದಿನ, ಡಿಸೆಂಬರಿನಲ್ಲಿ. ಒಂದು ದಿನ ಶರಾವತಿಯಲ್ಲಿ ದೋಣಿ. ನಮ್ಮ ಕಾವೇರಿ ಶಿವನಸಮುದ್ರದಲ್ಲಿ ಧುಮುಕಿ ಮೂಡಣ ಕಡಲಿಗೆ ಹೋದರೆ, ಈಕೆ ಜೋಗದಲ್ಲಿ ಧುಮುಕಿ ಪಡುವಣಕ್ಕೆ ಬರುತ್ತಾಳೆ ಅಂತ ಹುಡುಗನಿಗೆ ತೋರಿಸಬೇಕು. ಇನ್ನೊಂದು ದಿನ ಕಾಸರಕೋಡು. ಕೇರಳದ ಕಾಸರಗೋಡಲ್ಲ, ಹೊನ್ನಾವರದ ಪಕ್ಕದ್ದು. ಶುಚಿ, ಸುರಕ್ಷತೆ ನೋಡಿ ಕೊಡುವ ನೀಲಿ ಬಾವುಟದ ಮಾನ್ಯತೆ 2020ರಲ್ಲಿ ಅಲ್ಲಿನ ಬೀಚಿಗೆ ಸಿಕ್ಕಿತು. ಮೂರನೇ ದಿನಕ್ಕೆ ಏನೂ ಬರೆದಿಲ್ಲ, ಖಾಲಿ ಬಿಟ್ಟಿದ್ದೇನೆ. ಮಂಡ್ಯದವನು "ಕಾರವಾರಕ್ಕಾದ್ರೂ ಹೋಗದಾ?" ಅಂದ. ಮಳವಳ್ಳಿಯವನು "ಸುಮ್ನಿರ್ಲಾ, ಒಂದೇ ರೀಲು" ಅಂದ.

ಆಮೇಲೆ ಅವನು ಇನ್ನೊಂದು ಷರತ್ತು ಹಾಕಿದ. ವಾಪಸು ಬರುವ ಮುಂಚೆ, ಆ ಹೆಸರು ಹೇಳದ ಬೀಚಿಗೆ ಒಂದು ಗಂಟೆ ಹೋಗಬೇಕಂತೆ. ಆ ಹಿರಿಯರು ಇನ್ನೂ ಇದ್ದರೆ ಮಗನನ್ನು ತೋರಿಸಬೇಕಂತೆ. ದುಡ್ಡು ಮುಟ್ಟುವವರಲ್ಲ ಅವರು. ಅದಕ್ಕೆ ಒಂದು ಪೊಟ್ಟಣ ಮದ್ದೂರು ವಡೆ ಒಯ್ಯೋಣ ಅಂತ ತೀರ್ಮಾನ ಆಗಿದೆ. ಬಿಸಿ ಆರಿದರೂ ಕೆಡೋದಿಲ್ಲವಲ್ಲ!