ಸದಸ್ಯ ಸಮಾಚಾರ

ಆಹ್ವಾನಪತ್ರದಲ್ಲಿ ಏಳೂವರೆ ಗಂಟೆಯೆಂದಿದ್ದರೆ ಎಂಟು ಗಂಟೆಗೆ ಮನೆ ಬಿಡುವುದೇ ಗೌರವಸ್ಥರ ಲಕ್ಷಣವೆಂದು ತಿಳಿದಿರುವ ಊರುಗಳು ನಮ್ಮ ನಾಡಿನಲ್ಲಿ ಅನೇಕ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ಎಡೆಯಲ್ಲಿರುವ ಈ ತಾಲ್ಲೂಕು ಪಟ್ಟಣವೂ ಅಂಥದೇ. ಆದರೆ ಮಂಗಳವಾರದ ಮಟ್ಟಿಗೆ ಒಂದು ವಿನಾಯಿತಿ ಉಂಟು. ಅಂದು ಸಂಜೆ ಸರಿಯಾಗಿ ಏಳೂವರೆಗೆ ಬಸ್ ನಿಲ್ದಾಣದ ಹಿಂಬದಿಯ ರೋಟರಿ ಭವನದಲ್ಲಿ ಹಿತ್ತಾಳೆಯ ಗಂಟೆಯೊಂದು ಢಣ್ ಎನ್ನುತ್ತದೆ. ಎದುರಿನ ಹೋಟೆಲಿನ ಮಾಣಿಗಳು ಆ ಶಬ್ದಕ್ಕೆ ತಮ್ಮ ಗಡಿಯಾರವನ್ನು ಸರಿಪಡಿಸಿಕೊಂಡ ಕಾಲವೂ ಇತ್ತಂತೆ.

ಸಭೆಯ ವಿಧಿ ಸರಳವಾದುದು. ಆದರೆ ಮದುವೆಯ ಮಂತ್ರಗಳಂತೆ ಅದರಲ್ಲಿ ಒಂದನ್ನೂ ಬಿಡುವಂತಿಲ್ಲ. ಅಧ್ಯಕ್ಷರು ಕೊರಳಿಗೆ ಪದಕಗಳ ಪಟ್ಟಿಯನ್ನು ಧರಿಸಿ ಗಂಟೆ ಬಾರಿಸಬೇಕು. ಪ್ರಾರ್ಥನೆಯಾಗಬೇಕು. ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ಎಲ್ಲರೂ ಎದ್ದು ನಿಂತು ಪಠಿಸಬೇಕು. ಆಡುವ ಮಾತು ನಿಜವೇ, ಎಲ್ಲರಿಗೂ ನ್ಯಾಯವೇ, ಅದರಿಂದ ಸ್ನೇಹ ಬೆಳೆಯುವುದೇ, ಎಲ್ಲರಿಗೂ ಹಿತವೇ ಎಂಬುದು ಅದರ ಭಾವ. 1932ರಲ್ಲಿ ಶಿಕಾಗೋ ನಗರದ ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಿ, ಮುಳುಗುತ್ತಿದ್ದ ಒಂದು ಅಲ್ಯೂಮಿನಿಯಂ ಪಾತ್ರೆಗಳ ಕಂಪೆನಿಯನ್ನು ಎತ್ತುವುದಕ್ಕೆಂದು ರಚಿಸಿಕೊಂಡ ಸೂತ್ರವಿದು. ಈ ಊರಿನ ಸಿಮೆಂಟು ವ್ಯಾಪಾರಿಗಳು ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾರೆ. ಅವರ ಅಂಗಡಿಯ ತೂಕದ ವಿಚಾರ ಬಲ್ಲವರು ಆಗ ನೆಲವನ್ನು ನೋಡುತ್ತಾರೆ. ಅದು ಹಾಗಿರಲಿ.

ಬಳಿಕ ಅತಿಥಿಗಳ ಭಾಷಣ. ಮಧುಮೇಹ, ಆದಾಯ ತೆರಿಗೆ, ಮಲೆನಾಡಿನ ಕಪ್ಪೆಗಳು, ಯೋಗಾಭ್ಯಾಸ—ವಿಷಯ ಯಾವುದಾದರೂ ಕೇಳುವವರ ಮುಖಭಾವ ಒಂದೇ. ಕೊನೆಗೆ ‘ಫೆಲೋಶಿಪ್’. ಬಂಧುತ್ವ, ಸಖ್ಯ ಎಂದು ನಿಘಂಟುಗಳು ಏನಾದರೂ ಹೇಳಿಕೊಳ್ಳಲಿ. ಈ ಭವನದಲ್ಲಿ ಆ ಪದಕ್ಕೆ ಚಪಾತಿ, ಸಾಗು, ಬಿಸಿಬೇಳೆ ಭಾತು, ಮೊಸರನ್ನ ಎಂದೇ ಅರ್ಥ.

ಸಭಾಸದರು ಪರಸ್ಪರ ಕರೆದುಕೊಳ್ಳುವ ರೀತಿಯೂ ಗಮನಿಸತಕ್ಕದ್ದೇ. ಬಿರುದು ಬಾವಲಿಗಳನ್ನು ಬಿಟ್ಟು ಹೆಸರು ಹಿಡಿದೇ ಕೂಗಬೇಕೆಂಬುದು ಅಮೆರಿಕದಲ್ಲಿ ಈ ಸಂಸ್ಥೆಯ ಮೊದಲಿನ ವಾಡಿಕೆ. ಎಪ್ಪತ್ತು ದಾಟಿದವರನ್ನು ಮೂವತ್ತರ ಹುಡುಗನು ಬರಿಯ ಹೆಸರಿನಿಂದ ಕರೆಯುವುದೆಂದರೆ ಈ ಕಡೆಯಲ್ಲಿ ನಾಲಿಗೆ ಏಳುವುದೆಂತು? ಅದಕ್ಕೊಂದು ಉಪಾಯ ತಾನಾಗಿಯೇ ಒದಗಿತು. ಒಂದು ವೃತ್ತಿಗೆ ಒಬ್ಬನೇ ಸದಸ್ಯ ಎಂಬುದು ರೋಟರಿಯ ಮೂಲ ನಿಯಮ. ಕಾಲಾಂತರದಲ್ಲಿ ಅದು ಸಡಿಲಾಯಿತು. ಆದರೆ ಅದರ ಬಲದಿಂದ ಹುಟ್ಟಿದ ಹೆಸರುಗಳು ಉಳಿದುಕೊಂಡವು. ‘ವಕೀಲರೇ’ ಎಂದರೆ ಒಬ್ಬರೇ ತಿರುಗಿ ನೋಡುತ್ತಾರೆ. ‘ಜವಳಿಯವರೇ’, ‘ಪ್ರೆಸ್ಸಿನವರೇ’, ‘ಇಂಜಿನಿಯರ್ರೇ’ ಎಂದರೂ ಹಾಗೆಯೇ.

ಇಂಥ ನಾಲ್ಕು ಕಸಬುಗಳವರು ಕೂಡಿದ್ದರಿಂದಲೇ ಇದೆಲ್ಲ ಆರಂಭವಾದದ್ದು. ಪಾಲ್ ಹ್ಯಾರಿಸ್ ಎಂಬ ವಕೀಲನು ವರ್ಮಾಂಟ್ ಪ್ರಾಂತದ ಹಳ್ಳಿಯೊಂದರಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದು 1896ರಲ್ಲಿ ಶಿಕಾಗೋ ಸೇರಿದನು. ಕಕ್ಷಿದಾರರು ಸಿಕ್ಕಿದರು, ಹಣವೂ ಬಂದಿತು. ಭಾನುವಾರ ಬಂದರೆ ಮಾತನಾಡುವುದಕ್ಕೆ ಮನುಷ್ಯರಿಲ್ಲ. 1905ನೆಯ ಇಸವಿಯ ಫೆಬ್ರವರಿ 23ರಂದು ಆತನೂ ಒಬ್ಬ ಕಲ್ಲಿದ್ದಲು ವ್ಯಾಪಾರಿಯೂ, ಒಬ್ಬ ಗಣಿ ಇಂಜಿನಿಯರನೂ, ಒಬ್ಬ ದರ್ಜಿಯೂ ಇಂಜಿನಿಯರನ ಕಚೇರಿಯಲ್ಲಿ ಕುಳಿತು ಹರಟಿದರು. ಮುಂದಿನ ಸಲ ಇನ್ನೊಬ್ಬರ ಕಚೇರಿ, ಅದರ ಮುಂದೆ ಮತ್ತೊಬ್ಬರದು. ಹಾಗೆ ಸರದಿಯ ಮೇಲೆ ತಿರುಗಿದ್ದರಿಂದ ‘ರೋಟರಿ’ ಎಂಬ ಹೆಸರು ಬಂದಿತು. ಲೋಕಸೇವೆಯ ಯೋಚನೆ ಆ ದಿನ ಯಾರ ತಲೆಯಲ್ಲಿಯೂ ಇರಲಿಲ್ಲ. ಎರಡು ವರ್ಷಗಳ ಮೇಲೆ ಅವರು ಕೈಹಾಕಿದ ಮೊದಲ ಸೇವಾಕಾರ್ಯವಾದರೂ ಏನು? ನಗರದಲ್ಲಿ ಸಾರ್ವಜನಿಕ ಶೌಚಾಲಯವಾಗಬೇಕೆಂಬ ಹೋರಾಟ. 1919ರಲ್ಲಿ ಈ ಸಂಘ ಕಲ್ಕತ್ತೆಗೆ ಬಂದಿತು. ಇಂದು ಭೂಮಂಡಲದಲ್ಲಿ ಅದರ ಸದಸ್ಯರು ಸುಮಾರು 12 ಲಕ್ಷ. ಅವರೆಲ್ಲರ ಹಿಂದೆ ಒಬ್ಬ ವಕೀಲನ ಭಾನುವಾರದ ಬೇಸರವಿದೆ ಎಂಬುದನ್ನು ಪದಗ್ರಹಣ ಸಮಾರಂಭಗಳಲ್ಲಿ ಯಾರೂ ಹೇಳುವುದಿಲ್ಲ.

ಈ ಊರಿನ ಕ್ಲಬ್ಬಿಗೆ ವಾರಪತ್ರಿಕೆಯೊಂದುಂಟು. ಮೊದಲು ಸೈಕ್ಲೋಸ್ಟೈಲ್ ಹಾಳೆ. ಆಮೇಲೆ ಪ್ರೆಸ್ಸಿನವರ ದಯದಿಂದ ಅಚ್ಚಾದ ನಾಲ್ಕು ಪುಟ. ಈಗ ದೂರವಾಣಿಯ ಪರದೆಯ ಮೇಲೆ ಬರುವ ಚಿತ್ರ. ಅಧ್ಯಕ್ಷರೂ ಕಾರ್ಯದರ್ಶಿಗಳೂ ಪ್ರತಿ ಜುಲೈ ಒಂದನೆಯ ತಾರೀಖಿಗೆ ಬದಲಾಗುತ್ತಾರೆ. ಸಂಪಾದಕರು ಮಾತ್ರ ಹತ್ತೊಂಬತ್ತು ವರ್ಷಗಳಿಂದ ಒಬ್ಬರೇ. ಪೇಟೆಬೀದಿಯಲ್ಲಿ ಅವರದೊಂದು ಔಷಧದಂಗಡಿ. ಮೊದಲನೆಯ ಪುಟದಲ್ಲಿ ಅವರು ಅಧ್ಯಕ್ಷರ ಸಂದೇಶವನ್ನು ಹಾಕುತ್ತಾರೆ. ಅದನ್ನು ಅಧ್ಯಕ್ಷರು ಓದುತ್ತಾರೆ. ಎರಡು ಮೂರನೆಯ ಪುಟಗಳಲ್ಲಿ ಕಣ್ಣಿನ ಶಿಬಿರ, ಶಾಲೆಗೆ ಬೆಂಚುಗಳು, ಗಿಡ ನೆಡುವ ಒಂಬತ್ತು ಜನರ ಭಾವಚಿತ್ರ. ಆದರೆ ಪತ್ರಿಕೆ ಕೈಗೆ ಬಂದೊಡನೆ ಎಲ್ಲರೂ ತಿರುವುವುದು ನಾಲ್ಕನೆಯ ಪುಟವನ್ನು. ಅಲ್ಲಿರುವುದು ‘ಸದಸ್ಯ ಸಮಾಚಾರ’.

ಯಾರ ಹುಟ್ಟುಹಬ್ಬ, ಯಾರ ವಿವಾಹದ ವಾರ್ಷಿಕೋತ್ಸವ, ಯಾರ ಮೊಮ್ಮಗಳಿಗೆ ರಂಗಪ್ರವೇಶ, ಯಾರ ಮಂಡಿಗೆ ಶಸ್ತ್ರಚಿಕಿತ್ಸೆ, ಯಾರ ತಾಯಿ ಕಾಲವಾದರು—ಇಷ್ಟೇ. ವಿವಾಹದ ದಿನಾಂಕಗಳನ್ನು ಸಂಪಾದಕರು ಗಂಡಂದಿರಿಂದ ಪಡೆಯುವುದಿಲ್ಲ. ಒಮ್ಮೆ ಪಡೆದು, ಅಚ್ಚಾದ ಮೇಲೆ ಮೂರು ಮನೆಗಳಲ್ಲಿ ಒಲೆ ಹೊತ್ತಲಿಲ್ಲವಂತೆ. ಅಲ್ಲಿಂದೀಚೆಗೆ ಹೆಂಡತಿಯರನ್ನೇ ಕೇಳುತ್ತಾರೆ. ಸಂತೋಷದ ಸಮಾಚಾರವಿದ್ದವರು ಅದನ್ನು ಸಭೆಯಲ್ಲಿ ತಾವೇ ಹೇಳಿ, ಸಾರ್ಜೆಂಟರು ಹಿಡಿದು ತರುವ ಡಬ್ಬಿಗೆ ಹಣ ಹಾಕಬೇಕೆಂಬ ಪದ್ಧತಿಯುಂಟು. ಮಗನಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದನ್ನು ವಕೀಲರು ಐದುನೂರು ರೂಪಾಯಿಗೆ ಹೇಳಿದರು. ಮಗಳು ತಾನೇ ಒಪ್ಪಿದ ವರನನ್ನು ಮದುವೆಯಾದುದನ್ನು ಹಾರ್ಡ್‌ವೇರಿನವರು ಮೂರು ತಿಂಗಳು ತಡೆದು ಸಾವಿರ ರೂಪಾಯಿಗೆ ಹೇಳಿದರು.

ಏನನ್ನು ಹಾಕಬಾರದೆಂಬುದರಲ್ಲಿಯೇ ಸಂಪಾದಕರ ಹೆಚ್ಚುಗಾರಿಕೆ ಇರುವುದು. ಔಷಧದಂಗಡಿಯವರಿಗೆ ಊರಿನ ಕಾಯಿಲೆಗಳೆಲ್ಲ ಚೀಟಿಯ ರೂಪದಲ್ಲಿ ಮೊದಲೇ ತಿಳಿಯುತ್ತವೆ. ಯಾರಿಗೆ ನಿದ್ರೆಯ ಮಾತ್ರೆ ಆರಂಭವಾಯಿತು, ಯಾರ ಮನೆಗೆ ಮನಸ್ಸಿನ ವೈದ್ಯರ ಚೀಟಿ ಬಂದಿತು ಎಂಬುದನ್ನು ಅವರು ಬಲ್ಲರು. ಒಂದಕ್ಷರವೂ ಅಂಗಡಿಯ ಹೊಸ್ತಿಲು ದಾಟಲಿಲ್ಲ. ಬದಲಿಗೆ, ಅಂಥವರು ಮಂಗಳವಾರ ಬಾರದಿದ್ದರೆ ಬುಧವಾರ ಬೆಳಿಗ್ಗೆ ಏನಾದರೂ ನೆವ ಹೂಡಿ ಅವರ ಮನೆಯ ಕಡೆ ಸ್ಕೂಟರ್ ತಿರುಗುತ್ತದೆ.

ಹಾಜರಿಯ ವಿಷಯ ಬಂದಿತಲ್ಲ! ನೂರಕ್ಕೆ ಅರವತ್ತು ಸಭೆಗಳಿಗಾದರೂ ಬರಲೇಬೇಕೆಂಬುದು ಹಳೆಯ ಕಟ್ಟಳೆ. ತಪ್ಪಿಸಿಕೊಂಡವರು ಹದಿನಾಲ್ಕು ದಿನಗಳೊಳಗೆ ಪ್ರಪಂಚದ ಯಾವುದೇ ಕ್ಲಬ್ಬಿನ ಸಭೆಗೆ ಹೋಗಿ ಸರಿದೂಗಿಸಬಹುದಾಗಿತ್ತು. ಜವಳಿಯವರು 1988ರಲ್ಲಿ ಸೇರಿದವರು. ಒಂದು ವಾರವೂ ಖಾಲಿ ಬಿಟ್ಟವರಲ್ಲ. ಕಾಶಿಯಾತ್ರೆಗೆ ಹೋದಾಗ ವಿಶ್ವನಾಥನ ದರ್ಶನ ಮುಗಿಸಿ ಅಲ್ಲಿಯ ರೋಟರಿ ಸಭೆಯನ್ನು ಹುಡುಕಿಕೊಂಡು ಹೋದರು. ಹಿಂದೀ ಭಾಷಣ ಒಂದು ಗಂಟೆ ನಡೆಯಿತು. ಅರ್ಥವಾದದ್ದು ‘ಧನ್ಯವಾದ’ ಎಂಬ ಪದ ಮಾತ್ರ. ಆ ಕ್ಲಬ್ಬಿನ ಪುಟ್ಟ ಧ್ವಜವನ್ನು ಗಂಗೆಯ ಗಿಂಡಿಗಳ ಜೊತೆ ಜೋಪಾನವಾಗಿ ತಂದರು. 2020ರಲ್ಲಿ ಮನೆಬಾಗಿಲುಗಳೆಲ್ಲ ಮುಚ್ಚಿ ಸಭೆ ಪರದೆಯ ಮೇಲೆ ನಡೆದಾಗಲೂ ಅವರು ತಪ್ಪಿಸಲಿಲ್ಲ. ಕಾಣುತ್ತಿದ್ದುದು ಅವರ ಹಣೆ ಮಾತ್ರ. ಆ ಹಣೆಗೇ ಹಾಜರಿ ಹಾಕಿದರು.

ಊರಿನ ಪ್ರಸೂತಿ ವೈದ್ಯೆ 1996ರಲ್ಲಿ ಸದಸ್ಯೆಯಾದರು. ಹೆಂಗಸರಿಗೆ ರೋಟರಿಯ ಬಾಗಿಲು ಲೋಕದಲ್ಲೆಲ್ಲ ತೆರೆದದ್ದು 1989ರಲ್ಲಿ. ಅದಕ್ಕೆ ಮೊದಲು ಸದಸ್ಯರ ಹೆಂಡತಿಯರಿಗೆ ‘ಆ್ಯನ್’ ಎಂಬ ಹೆಸರೊಂದಿತ್ತು, ಈಗಲೂ ಇದೆ. ವೈದ್ಯೆಯ ಪತಿಯನ್ನು ಏನೆಂದು ಕರೆಯತಕ್ಕದ್ದೆಂಬುದು ಮೂರು ಸಭೆಗಳಲ್ಲಿ ಚರ್ಚೆಯಾಗಿ ತೀರ್ಮಾನವಾಗದೆ ಉಳಿಯಿತು. ಪೋಲಿಯೋ ಭಾನುವಾರಗಳಲ್ಲಿ ಈ ವೈದ್ಯೆಯೇ ಮುಂದೆ ನಿಂತವರು. 1985ರಲ್ಲಿ ರೋಟರಿ ಆ ರೋಗವನ್ನು ಭೂಮಿಯಿಂದಲೇ ತೊಲಗಿಸುವ ಸಂಕಲ್ಪ ಮಾಡಿತು. ಲಸಿಕೆ ತಂಪಿನಲ್ಲಿರಬೇಕು, ತಂಪಿಗೆ ಮಂಜುಗಡ್ಡೆ ಬೇಕು, ಮಂಜುಗಡ್ಡೆ ಹಳ್ಳಿಗೆ ತಲಪಲು ಜೀಪು ಬೇಕು. ಯಾರಲ್ಲಿ ಏನಿದೆಯೆಂಬುದು ಮೊಸರನ್ನದ ಪಂಕ್ತಿಯಲ್ಲಿ ಮೊದಲೇ ಗೊತ್ತಿದ್ದುದರಿಂದ ಯಾರಿಗೂ ಅರ್ಜಿ ಬರೆಯಬೇಕಾಗಲಿಲ್ಲ. 2011ರ ಜನವರಿ 13ರ ಹೌರಾದ ಪ್ರಕರಣವೇ ಭಾರತದಲ್ಲಿ ಕಡೆಯದಾಯಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೋಮುಕ್ತವೆಂಬ ಪ್ರಮಾಣ ದೊರೆಯಿತು. ಆ ವಾರ ಡಬ್ಬಿಗೆ ಎಲ್ಲರೂ ಹಣ ಹಾಕಿದರು.

ಪ್ರತಿವಾರ ಸೇರಲೇಬೇಕಾಗಿಲ್ಲ, ತಿಂಗಳಿಗೆ ಎರಡು ಸಭೆಯಾದರೂ ಸಾಕು ಎಂದು ರೋಟರಿ 2016ರಲ್ಲಿ ಕ್ಲಬ್ಬುಗಳಿಗೆ ಸ್ವಾತಂತ್ರ್ಯ ಕೊಟ್ಟಿತು. ಈ ಊರಿನಲ್ಲಿ ಆ ಮಾತು ಏಳು ವರ್ಷ ಕಡತದಲ್ಲಿ ಮಲಗಿದ್ದು, 2023ರ ಜೂನ್ ತಿಂಗಳಲ್ಲಿ ಎದ್ದಿತು. ಎಬ್ಬಿಸಿದವರು ಕಿರಿಯ ಇಂಜಿನಿಯರರು. ಅವರನ್ನು ಹಿರಿಯರ ವಿರೋಧಿಯೆಂದು ತಿಳಿಯುವುದು ಅನ್ಯಾಯ. ಅವರ ಮನೆಯಲ್ಲಿ ಎರಡು ವರ್ಷದ ಮಗುವಿದೆ. ವಾರವಾರವೂ ಬರಲಾರದೆ ಬಿಟ್ಟುಹೋದ ಗೆಳೆಯರಿದ್ದಾರೆ. ಅದಕ್ಕಿಂತ ಮಿಗಿಲಾಗಿ ಅವರ ಬಳಿ ಲೆಕ್ಕವಿತ್ತು. ನಲವತ್ತು ಜನಕ್ಕೆ ತಲೆಗೆ 250 ರೂಪಾಯಿನ ಊಟ, ತಿಂಗಳಿಗೆ ಎರಡು ಸಭೆ ಕಳೆದರೆ 20,000 ರೂಪಾಯಿ ಉಳಿತಾಯ, ವರ್ಷಕ್ಕೆ 2,40,000. ಮೂರು ವರ್ಷ ಕೂಡಿಟ್ಟರೆ ಸರಕಾರಿ ಆಸ್ಪತ್ರೆಗೊಂದು ಡಯಾಲಿಸಿಸ್ ಯಂತ್ರವನ್ನೇ ಕೊಡಬಹುದು. ಈ ಮಾತಿಗೆ ಎದುರಾಗಿ ಮೊಸರನ್ನದ ಪರವಾಗಿ ವಾದಿಸುವುದು ಹೇಗೆ? ವಕೀಲರು ಕೂಡ ಎದ್ದವರು ಕನ್ನಡಕ ಒರೆಸಿಕೊಂಡು ಕುಳಿತುಬಿಟ್ಟರು.

ಎಲ್ಲರ ಕಣ್ಣೂ ಜವಳಿಯವರತ್ತ ತಿರುಗಿತು. ಮೂವತ್ತೈದು ವರ್ಷಗಳ ಅಖಂಡ ಹಾಜರಿಯವರು ವಿರೋಧಿಸಿದರೆ ಬಹುಮತ ಕರಗಿಹೋಗುವುದರಲ್ಲಿ ಸಂದೇಹವಿರಲಿಲ್ಲ. ಅವರ ಪತ್ನಿ ಎರಡು ವರ್ಷ ಸೋಮವಾರ ಮತ್ತು ಗುರುವಾರ ಅರವತ್ತು ಕಿಲೋಮೀಟರು ದೂರದ ಜಿಲ್ಲಾ ಕೇಂದ್ರಕ್ಕೆ ಡಯಾಲಿಸಿಸ್ಸಿಗೆ ಹೋಗಿ ಬರುತ್ತಿದ್ದು, 2021ರಲ್ಲಿ ತೀರಿಕೊಂಡರು. ಸದಸ್ಯ ಸಮಾಚಾರದಲ್ಲಿ ಎರಡು ಸಲ ‘ಆರೋಗ್ಯ ಸುಧಾರಿಸುತ್ತಿದೆ’ ಎಂದೂ, ಒಂದು ಸಲ ಎರಡು ಸಾಲಿನ ಸಂತಾಪವೂ ಬಂದಿತ್ತು. ಮಗ ಬೆಂಗಳೂರಿನಲ್ಲಿ, ಮಗಳು ಅಮೆರಿಕದಲ್ಲಿ. ಮನೆಯಲ್ಲಿ ಬೆಳಿಗ್ಗೆ ಬಂದು ಅಡಿಗೆ ಮಾಡಿಟ್ಟು ಹೋಗುವ ಹೆಂಗಸೊಬ್ಬಳು. ವಾರದಲ್ಲಿ ಆ ಮಂಗಳವಾರ ಒಂದು ರಾತ್ರಿ ಅವರು ನಾಲ್ಕು ಜನರ ಜೊತೆ ಕುಳಿತು ಉಣ್ಣುತ್ತಿದ್ದರೆಂಬುದು ಬಹುಶಃ ಸಂಪಾದಕರೊಬ್ಬರಿಗೇ ಹೊಳೆದಿತ್ತು.

ಜವಳಿಯವರು ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದರು: “ಹಾಗಾದರೆ ಅಡಿಗೆಯವನಿಗೆ ಏನು ಹೇಳುವುದು?”

ಸಭೆ ನಕ್ಕಿತು. ಸಂಪಾದಕರು ನಗಲಿಲ್ಲ. ಕೈ ಎತ್ತಿ ಎಂದಾಗ ಠರಾವಿನ ಪರವಾಗಿ ಮೊದಲು ಎದ್ದ ಕೈ ಜವಳಿಯವರದೇ. 37 ಮಂದಿಯಲ್ಲಿ 22 ಜನ ಪರ, 15 ಜನ ವಿರೋಧ. ಸಂಪಾದಕರ ಕೈ ವಿರೋಧದಲ್ಲಿತ್ತು. ಅದನ್ನು ಕುರಿತು ಅವರು ಯಾರಿಗೂ ವಿವರಣೆ ಕೊಡಲಿಲ್ಲ.

ಜುಲೈ ತಿಂಗಳ ಎರಡನೆಯ ಮಂಗಳವಾರ ಸಭೆ ಇಲ್ಲದ ಮೊದಲ ಮಂಗಳವಾರ. ಮಳೆ ಹಿಡಿದುಕೊಂಡಿತ್ತು. ಏಳೂಕಾಲಿಗೆ ಸಂಪಾದಕರು ಹುಡುಗನಿಗೆ ಅಂಗಡಿ ಒಪ್ಪಿಸಿ, ಸ್ಕೂಟರನ್ನು ಮನೆಯ ದಾರಿಗೆ ತಿರುಗಿಸುವ ಬದಲು ಬಸ್ ನಿಲ್ದಾಣದ ಕಡೆಗೆ ತಿರುಗಿಸಿದರು. ಭವನದಲ್ಲಿ ಒಂದು ದೀಪ ಉರಿಯುತ್ತಿತ್ತು. ಕಾವಲಿನವನು ಬಾಗಿಲು ತೆಗೆದಿಟ್ಟಿದ್ದನು. ಒಳಗೆ ಜವಳಿಯವರು ಎಂದಿನ ಕುರ್ಚಿಯಲ್ಲಿ, ಮುಂದೆ ಮೂರು ಅಂತಸ್ತಿನ ಟಿಫಿನ್ ಕ್ಯಾರಿಯರು.

“ಮನೆಯಲ್ಲಿ ಕರೆಂಟು ಹೋಗಿತ್ತು,” ಎಂದರು ಜವಳಿಯವರು. ಪೇಟೆಯಲ್ಲೆಲ್ಲ ದೀಪಗಳು ಉರಿಯುತ್ತಿದ್ದುದನ್ನು ಕಂಡೇ ಬಂದಿದ್ದ ಸಂಪಾದಕರು, “ಹೌದು, ಈ ಮಳೆಯಲ್ಲಿ ಹಾಗೇ” ಎಂದರು.

ಸ್ವಲ್ಪ ಹೊತ್ತಿಗೆ ವೈದ್ಯೆ ಬಂದರು. ಆಸ್ಪತ್ರೆಯಿಂದ ಮನೆಗೆ ಇದೇ ಹತ್ತಿರದ ದಾರಿಯೆಂದು ಹೇಳಿದರು. ಅದು ಹತ್ತಿರದ ದಾರಿಯಲ್ಲ. ಎಂಟು ಗಂಟೆಗೆ, ಹೋದ ಸಭೆಯಲ್ಲಿ ಮರೆತಿದ್ದ ಕೊಡೆಗಾಗಿ ಕಿರಿಯ ಇಂಜಿನಿಯರರು ಬಂದವರು, ಬಾಗಿಲಲ್ಲಿ ಒಂದು ಕ್ಷಣ ನಿಂತು, ಕೊಡೆ ತೆಗೆದುಕೊಂಡು, ಮತ್ತೆ ಅದನ್ನು ಮೂಲೆಗಿಟ್ಟು ಕುಳಿತರು. ಎದುರಿನ ಹೋಟೆಲಿನಿಂದ ಇಡ್ಲಿ ಬಂದಿತು. ಹಣವನ್ನು ಅವರವರೇ ಕೊಟ್ಟರು. ಯಂತ್ರದ ನಿಧಿಯನ್ನು ಯಾರೂ ಮುಟ್ಟಲಿಲ್ಲ. ಗಂಟೆ ಮೇಜಿನ ಮೇಲೆಯೇ ಇದ್ದಿತು. ಬಾರಿಸಿದರೆ ಸಭೆಯಾಗಿಬಿಡುತ್ತದೆ, ಸಭೆಯಾದರೆ ಠರಾವಿಗೆ ವಿರೋಧವೆಂದು ಇಂಜಿನಿಯರರೇ ನೆನಪು ಮಾಡಿದರು. ಆದುದರಿಂದ ಬಾರಿಸಲಿಲ್ಲ. ಜವಳಿಯವರು ಕಾಶಿಯ ಸಭೆಯ ಕಥೆಯನ್ನು ಹೇಳಿದರು. ಇಂಜಿನಿಯರರಿಗೆ ಅದು ಹೊಸದು.

ಆ ವಾರದ ಪತ್ರಿಕೆಯಲ್ಲಿ ಹಾಜರಿಯ ಅಂಕಣಕ್ಕೆ ಕೆಲಸವಿರಲಿಲ್ಲ. ಸಂಪಾದಕರು ರಾತ್ರಿ ಬಹಳ ಹೊತ್ತು ಯೋಚಿಸಿ ಸದಸ್ಯ ಸಮಾಚಾರದ ಮೊದಲಲ್ಲಿ ಹೀಗೆ ಹಾಕಿದರು: ‘ಈ ಮಂಗಳವಾರ ಸಭೆ ಇರಲಿಲ್ಲ. ಬಂದವರು ನಾಲ್ವರು.’ ಅದರ ಕೆಳಗೆ ವಕೀಲರ ಹುಟ್ಟುಹಬ್ಬವೂ ಪ್ರೆಸ್ಸಿನವರ ಮಗಳಿಗೆ ಗಂಡುಮಗು ಹುಟ್ಟಿದ ಸಂಗತಿಯೂ ಎಂದಿನಂತೆ ಬಂದವು.